ಮುಳ್ಳು, ಎಣ್ಣೆ, ಇಕ್ಕಟ್ಟಿನ ಓಣಿ

ಮೇಜಿನ ಸುತ್ತ ಕುಳಿತು ಆಡುವ ಅದ್ಭುತಲೋಕದ ಪಾತ್ರಾಭಿನಯದ ಆಟಗಳಲ್ಲಿ, ಎಂದರೆ ಪ್ರತಿಯೊಬ್ಬ ಆಟಗಾರನೂ ಒಬ್ಬ ಯೋಧನನ್ನೋ ಮಾಂತ್ರಿಕನನ್ನೋ ಕಳ್ಳನನ್ನೋ ತನ್ನ ಪಾತ್ರವಾಗಿ ವಹಿಸಿಕೊಂಡು, ಆ ಪಾತ್ರ ಏನು ಮಾಡುತ್ತದೆಂಬುದನ್ನು ಬಾಯಿಮಾತಿನಲ್ಲಿ ಹೇಳಿ, ಅದರ ಫಲವನ್ನು ದಾಳ ಉರುಳಿಸಿ ತಿಳಿಯುವ ಆಟಗಳಲ್ಲಿ, ಹೊಸಬರ ಕಣ್ಣು ಮೊದಲು ಬೀಳುವುದು ಬೆಂಕಿಯುಂಡೆಯ ಮಂತ್ರದ ಮೇಲೆ ಅಥವಾ ಮಾಯಾಖಡ್ಗದ ಮೇಲೆ. ಸಾಮಗ್ರಿಗಳ ಪಟ್ಟಿಯ ಕೊನೆಯಲ್ಲಿರುವ ಅಗ್ಗದ ವಸ್ತುಗಳನ್ನು ಅವರು ಓದದೆ ದಾಟಿಬಿಡುತ್ತಾರೆ. ಆದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ಐದನೆಯ ಆವೃತ್ತಿಯಲ್ಲಿ ಮೈತುಂಬ ಮುಚ್ಚುವ ಲೋಹದ ಕವಚಕ್ಕೆ 1,500 ಚಿನ್ನದ ನಾಣ್ಯ ತೆರಬೇಕಾದರೆ, 20 ಕಬ್ಬಿಣದ ಮುಳ್ಳುಗಳ ಒಂದು ಚೀಲಕ್ಕೆ ಬೇಕಾಗುವುದು ಒಂದೇ ನಾಣ್ಯ. ಮತ್ತು ಎಷ್ಟೋ ಕಾಳಗಗಳಲ್ಲಿ ಪಾತ್ರಗಳ ಜೀವ ಉಳಿಸುವುದು ಕವಚವಲ್ಲ, ಆ ಚೀಲವೇ.

ಈ ಆಟದ ಮೂಲವನ್ನು ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನಿಂದ ಇದನ್ನು ಪ್ರಕಟಿಸುವ ಮೊದಲು ಇಬ್ಬರೂ ಸಮರಾಟಗಳಲ್ಲಿ, ಎಂದರೆ ಪುಟ್ಟ ಸೈನಿಕರ ಬೊಂಬೆಗಳನ್ನು ಮೇಜಿನ ಮೇಲೆ ನಡೆಸಿ ಹಳೆಯ ಯುದ್ಧಗಳನ್ನು ಆಡುವ ಆಟಗಳಲ್ಲಿ ಪಳಗಿದ್ದವರು. ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಬರೆದ ಚೈನ್‌ಮೇಲ್ ಎಂಬ ಸಮರಾಟವೇ ಹೊಸ ಆಟಕ್ಕೆ ತಳಹದಿಯಾಯಿತು. ಸಮರಾಟದವನಿಗೆ ಗುಡ್ಡ, ಕೆಸರು, ತೊರೆ ಇವೆಲ್ಲ ಚಿತ್ರದ ಹಿನ್ನೆಲೆಯಲ್ಲ. ದಳವೊಂದು ಎಷ್ಟು ದೂರ ಹೋಗಬಲ್ಲದು, ಯಾವ ಬದಿಯಿಂದ ಏಟು ತಿನ್ನುತ್ತದೆ ಎಂಬುದನ್ನು ನಿರ್ಣಯಿಸುವ ಸಂಗತಿಗಳು. ನೆಲದ ಮೇಲಿನ ಈ ಗೌರವವನ್ನು ಮಗುವಾದ ಆಟ ತಾಯಿಯಾದ ಆಟದಿಂದ ಪಡೆದುಕೊಂಡಿತು, ಆದರೆ ಆಡುವವರು ಮಾತ್ರ ಅದನ್ನು ಮತ್ತೆ ಮತ್ತೆ ಮರೆಯುತ್ತಾರೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಮೊದಲ ಮಟ್ಟದ, ಎಂದರೆ ಈಗಷ್ಟೇ ಸಾಹಸಕ್ಕೆ ಇಳಿದ ನಾಲ್ವರ ಎದುರಿಗೆ ಒಂದು ಓಗರ್, ಅಂದರೆ ಆಳಿಗಿಂತ ದೊಡ್ಡ ಗಾತ್ರದ ಮಂದಬುದ್ಧಿಯ ರಾಕ್ಷಸ ಬಂದು ನಿಂತಿದೆಯೆನ್ನಿ. 2014ರ ನಿಯಮಗಳ ಪ್ರಕಾರ ಅದರ ಪ್ರಾಣಾಂಕ, ಎಂದರೆ ಬೀಳುವ ಮೊದಲು ತಾಳಿಕೊಳ್ಳಬಲ್ಲ ಪೆಟ್ಟಿನ ಮೊತ್ತ, 59. ಅದರ ಗದೆಯ ಒಂದು ಏಟು ಸರಾಸರಿ 13 ಪ್ರಾಣಾಂಕಗಳನ್ನು ಕಸಿಯುತ್ತದೆ, ಮೊದಲ ಮಟ್ಟದ ಮಾಂತ್ರಿಕನ ಬಳಿ ಇರುವುದು ಸಾಮಾನ್ಯವಾಗಿ ಹೆಚ್ಚೆಂದರೆ ಅದರ ಮುಕ್ಕಾಲು ಪಾಲು. ಬಯಲಿನಲ್ಲಿ ನೇರವಾಗಿ ಸೆಣಸಿದರೆ ಯಾರಾದರೊಬ್ಬರು ಉರುಳುವುದು ಬಹುಮಟ್ಟಿಗೆ ಖಚಿತ. ಈಗ ಅದೇ ನಾಲ್ವರು 5 ಅಡಿ ಅಗಲದ ಓಣಿಯೊಂದರ ಆಚೆ ತುದಿಗೆ ಸರಿದು, ಓಣಿಯ ನೆಲದಲ್ಲಿ ಒಂದು ಚೀಲ ಕ್ಯಾಲ್ಟ್ರಾಪ್ ಚೆಲ್ಲುತ್ತಾರೆ. ಕ್ಯಾಲ್ಟ್ರಾಪ್ ಎಂದರೆ ಹೇಗೆ ಎಸೆದರೂ ಮೂರು ಮೊನೆ ನೆಲ ಹಿಡಿದು ನಾಲ್ಕನೆಯದು ಮೇಲ್ಮುಖವಾಗಿ ನಿಲ್ಲುವ ಕಬ್ಬಿಣದ ಮುಳ್ಳು. ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳಿನ ಕಾಯಿಯದೂ ಇದೇ ಗುಣ. ಅದನ್ನು ತುಳಿದ ಪ್ರಾಣಿ 20 ಮುಖದ ದಾಳ ಎಸೆದು, ತನ್ನ ಚುರುಕುತನದ ಅಂಕವನ್ನು ಸೇರಿಸಿ, 15 ಅಥವಾ ಹೆಚ್ಚು ಪಡೆಯಬೇಕು. ಇಲ್ಲವಾದರೆ ಅದರ ಆ ಸರದಿಯ ನಡಿಗೆ ಅಲ್ಲಿಗೇ ನಿಲ್ಲುತ್ತದೆ, 1 ಪ್ರಾಣಾಂಕ ಹೋಗುತ್ತದೆ, ಗಾಯ ಮಾಯುವತನಕ ವೇಗ 10 ಅಡಿ ಇಳಿಯುತ್ತದೆ. ಓಗರ್‌ನ ಚುರುಕುತನ ಋಣ ಒಂದು, ಆದ್ದರಿಂದ ಅದು ಪಾರಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಇಷ್ಟೇ ಅಲ್ಲ, ದೊಡ್ಡ ಗಾತ್ರದ ಪ್ರಾಣಿ 5 ಅಡಿಯ ಓಣಿಯಲ್ಲಿ ಮೈ ಹಿಂಡಿಕೊಂಡು ಸಾಗಬೇಕಾದಾಗ ಇಂಥ ದಾಳವನ್ನು ಎರಡು ಸಲ ಎಸೆದು ಕಡಿಮೆ ಬಂದುದನ್ನೇ ಒಪ್ಪಿಕೊಳ್ಳಬೇಕೆಂಬ ನಿಯಮವಿರುವುದರಿಂದ ಆ ನಾಲ್ಕರಲ್ಲಿ ಒಂದು ಹದಿನಾರರಲ್ಲಿ ಒಂದಾಗುತ್ತದೆ, ಮೇಲಾಗಿ ಅದರ ನಡಿಗೆಯೂ ಅರ್ಧಕ್ಕಿಳಿಯುತ್ತದೆ, ಅದರ ಮೇಲೆ ಬಾಣ ಬಿಡುವವರಿಗೆ ಗುರಿ ಸುಲಭವಾಗುತ್ತದೆ.

ಇಲ್ಲಿ ಓಗರ್‌ಗೆ ಆದ ಗಾಯ ಲೆಕ್ಕಕ್ಕೆ ಬಾರದಷ್ಟು ಚಿಕ್ಕದು. 59ರಲ್ಲಿ ಒಂದು ಹೋದರೆ 58 ಉಳಿಯುತ್ತದೆ. ಆದರೆ ಅದರ ಬಳಿ ಇದ್ದ ಅತ್ಯಂತ ಬೆಲೆಬಾಳುವ ವಸ್ತುವಾದ ಸರದಿಯನ್ನು, ಎಂದರೆ ಕಾಳಗದ ಆರು ಸೆಕೆಂಡುಗಳ ಒಂದು ಸುತ್ತಿನಲ್ಲಿ ಅದಕ್ಕೆ ಸಲ್ಲುವ ಒಂದು ಅವಕಾಶವನ್ನು, ಒಂದು ನಾಣ್ಯದ ಮುಳ್ಳು ಹಾಳುಮಾಡಿತು. ಅದು ನಿಂತಲ್ಲಿಂದಲೇ ಈಟಿ ಎಸೆಯಬಹುದು, ಗದೆ ಬೀಸಲಾರದು. ಸರಳ ಬೋನುಗಳ ತಿರುಳು ಇರುವುದು ಇಲ್ಲಿಯೇ: ಅವು ಕೊಲ್ಲುವ ಸಾಧನಗಳಲ್ಲ, ಎದುರಾಳಿಯ ಆಯ್ಕೆಗಳನ್ನು ಒಂದೊಂದಾಗಿ ಕಡಿಮೆಮಾಡುವ ಸಾಧನಗಳು. ಸಾವಿರ ಲೋಹದ ಗುಂಡುಗಳ ಚೀಲ 10 ಅಡಿ ಚೌಕದಲ್ಲಿ ಓಡುವವನನ್ನು ಬೀಳಿಸಿದರೆ, ಏಳುವುದಕ್ಕೆ ಅವನ ನಡಿಗೆಯ ಅರ್ಧ ಖರ್ಚಾಗುತ್ತದೆ. ಒಂದು ಬೆಳ್ಳಿ ನಾಣ್ಯದ ಎಣ್ಣೆಯ ಕುಪ್ಪಿ 5 ಅಡಿ ಚೌಕದಲ್ಲಿ ಎರಡು ಸುತ್ತು ಉರಿದು, ಬಾಗಿಲಿನಲ್ಲಿ ಬರುವವನಿಗೆ ಬೆಂಕಿ ದಾಟುವುದೋ ಕಾಯುವುದೋ ಎಂಬ ಸಂಕಟವನ್ನು ತರುತ್ತದೆ. ಎರಡೂ ದಾರಿ ಕೆಟ್ಟದ್ದಾಗಿರುವಂತೆ ನೋಡಿಕೊಳ್ಳುವುದೇ ಬೋನು ಇಡುವವನ ಜಾಣ್ಮೆ.

ದುರ್ಗಮ ನೆಲ ಎಂಬ ಇನ್ನೊಂದು ಪರಿಕಲ್ಪನೆಯೂ ಇದೇ ಜಾತಿಯದು. ಕಲ್ಲುಮಣ್ಣಿನ ರಾಶಿ, ಪೊದೆ, ಕೆಸರು ಮುಂತಾದ ಜಾಗಗಳಲ್ಲಿ ಪ್ರತಿ ಅಡಿಗೂ ಎರಡು ಅಡಿಯ ನಡಿಗೆ ವ್ಯಯವಾಗುತ್ತದೆಂಬ ಈ ನಿಯಮದಿಂದ, ಸರದಿಗೆ 30 ಅಡಿ ನಡೆಯುವ ವೈರಿಗೆ 60 ಅಡಿ ದೂರದ ಬಿಲ್ಲುಗಾರನನ್ನು ತಲುಪಲು ಎರಡರ ಬದಲು ನಾಲ್ಕು ಸರದಿ ಬೇಕಾಗುತ್ತದೆ. ಮಂತ್ರಗಳಲ್ಲಿಯೂ ನೆಲ ಹಿಡಿಯುವಂಥವು ಬೆಂಕಿ ಉಗುಳುವಂಥವುಗಳಿಗಿಂತ ಹಲವು ವೇಳೆ ಮೇಲು. ಮೂರನೆಯ ದರ್ಜೆಯ ಪ್ರಸಿದ್ಧ ಬೆಂಕಿಯುಂಡೆ ಆರು ಮುಖದ ಎಂಟು ದಾಳಗಳ ಪೆಟ್ಟು ಕೊಡುತ್ತದೆ, ಎಂದರೆ ಸರಾಸರಿ 28. ಅದಕ್ಕಿಂತ ಕೆಳಗಿನ, ಎರಡನೆಯ ದರ್ಜೆಯ ಸ್ಪೈಕ್ ಗ್ರೋತ್ ಎಂಬ ಮಂತ್ರ 20 ಅಡಿ ತ್ರಿಜ್ಯದ ನೆಲದಲ್ಲೆಲ್ಲ ಕಣ್ಣಿಗೆ ಕಾಣದ ಮುಳ್ಳು ಎಬ್ಬಿಸಿ, ಅದರೊಳಗೆ ನಡೆದ ಪ್ರತಿ 5 ಅಡಿಗೂ ಸರಾಸರಿ 5ರಂತೆ ಪೆಟ್ಟು ಕೊಡುವುದರಿಂದ, ಆ ವೃತ್ತವನ್ನು ಅಡ್ಡಲಾಗಿ ದಾಟಿದವನು 40 ಪ್ರಾಣಾಂಕ ಕಳೆದುಕೊಳ್ಳುತ್ತಾನೆ. ಜೊತೆಗಾರನೊಬ್ಬ ವೈರಿಯನ್ನು ಅದರೊಳಕ್ಕೆ ತಳ್ಳಿದರೆ ಅಥವಾ ಹಿಡಿದೆಳೆದರೆ ಪೆಟ್ಟು ಇನ್ನೂ ಏರುತ್ತದೆ. ಬೆಂಕಿಯುಂಡೆ ಒಬ್ಬನ ಪರಾಕ್ರಮ, ಮುಳ್ಳುನೆಲ ಇಡೀ ತಂಡದ ಕೆಲಸ. ಗುಂಪಾಗಿ ಆಡುವ ಆಟವೊಂದರಲ್ಲಿ ಎರಡನೆಯದಕ್ಕೆ ಹೆಚ್ಚಿನ ಬೆಲೆ ಸಲ್ಲಬೇಕು.

ಇದನ್ನೆಲ್ಲ ಆಟದವರು ಕಲ್ಪಿಸಿಕೊಂಡದ್ದೇನೂ ಅಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸ್ 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಇಂಗ್ಲಿಷರ ಕುದುರೆ ಸವಾರರನ್ನು ಎದುರಿಸುವಾಗ ಮೊಣಕಾಲಿನಷ್ಟು ಆಳದ ಗುಂಡಿಗಳನ್ನು ತೋಡಿಸಿ, ಕಡ್ಡಿ ಮತ್ತು ಹುಲ್ಲಿನಿಂದ ಮುಚ್ಚಿಸಿದ್ದ. ಅವುಗಳ ಮುಖ್ಯ ಉಪಯೋಗ ಕುದುರೆಗಳ ಕಾಲು ಮುರಿಯುವುದಕ್ಕಿಂತ ಮಿಗಿಲಾಗಿ, ಸವಾರರು ಅಗಲವಾಗಿ ಹರಡದೆ ತನಗೆ ಬೇಕಾದ ಇಕ್ಕಟ್ಟಿನ ಜಾಗದಲ್ಲಿಯೇ ಮುಂದೆ ಬರುವಂತೆ ಮಾಡುವುದಾಗಿತ್ತು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಟೆಯ ಹೊರದಾರಿಗೆ ಮೊಣಕಾಲು ಮುರಿಯುವ ಅಡ್ಡಿಗಳು, ಶೂಲಗಳ ಸಾಲು, ಮರೆಮಾಡಿದ ಕುಣಿಗಳು, ಮುಳ್ಳಿನ ಹಾಸು ಇವುಗಳನ್ನು ಇರಿಸಬೇಕೆಂಬ ವಿಧಾನ ದುರ್ಗರಚನೆಯ ಅಧ್ಯಾಯದಲ್ಲಿಯೇ ಬರುತ್ತದೆ. ಸಾಹಸಕ್ಕೆ ಕೋಟೆಯೊಂದನ್ನು ಕಟ್ಟಿಕೊಡಬೇಕಾದ ಕನ್ನಡದ ಆಟಗಾರರಿಗೆ ಯುರೋಪಿನ ದುರ್ಗಗಳ ನಕ್ಷೆಯಷ್ಟೇ ಪ್ರಯೋಜನಕಾರಿಯಾದ ಸಾಮಗ್ರಿ ಅದರಲ್ಲಿದೆ.

ಆಟದ ಲೋಕದಲ್ಲಿ ಈ ತತ್ತ್ವಕ್ಕೆ ದೊರೆತ ಅತ್ಯಂತ ಪ್ರಸಿದ್ಧ ಸಾಕ್ಷ್ಯ ಡ್ರ್ಯಾಗನ್ ಪತ್ರಿಕೆಯ 127ನೆಯ ಸಂಚಿಕೆಯಲ್ಲಿ, 1987ರ ನವೆಂಬರಿನಲ್ಲಿ, ಸಂಪಾದಕ ರೋಜರ್ ಮೂರ್ ಬರೆದ ಪುಟ್ಟ ಸಂಪಾದಕೀಯ. ಟಕರ್ ಎಂಬ ನಿರ್ವಾಹಕ ನಡೆಸುತ್ತಿದ್ದ ಆಟದಲ್ಲಿನ ಕೋಬೋಲ್ಡ್‌ಗಳ ಕಥೆ ಅದು. ನಿರ್ವಾಹಕ ಎಂದರೆ ಲೋಕವನ್ನು ವರ್ಣಿಸುವ, ವೈರಿಗಳ ಪರವಾಗಿ ನಡೆಯುವ, ನಿಯಮಗಳ ತೀರ್ಪು ಹೇಳುವ ವ್ಯಕ್ತಿ. ಕೋಬೋಲ್ಡ್ ಎಂದರೆ ಆಗಿನ ನಿಯಮಗಳಲ್ಲಿ 1ರಿಂದ 4 ಪ್ರಾಣಾಂಕವಷ್ಟೇ ಇದ್ದ, ಆಟದ ಅತ್ಯಂತ ದುರ್ಬಲ ಜೀವಿಗಳಲ್ಲೊಂದು. ಉನ್ನತ ಮಟ್ಟದ ಬಲಿಷ್ಠ ಪಾತ್ರಗಳನ್ನು ಆ ಕುಳ್ಳ ಜೀವಿಗಳು ದಾರಿಯುದ್ದಕ್ಕೂ ಅಟ್ಟಾಡಿಸಿದವು: ಬಾಗಿಲುಗಳನ್ನು ಮುಚ್ಚಿದವು, ಉರಿಯುವ ಕಸದ ರಾಶಿಯನ್ನು ಓಣಿಯಲ್ಲಿ ದೂಡಿಕೊಂಡು ಬಂದವು, ಗೋಡೆಯ ಕಿಂಡಿಗಳಿಂದ ಬಾಣ ಬಿಟ್ಟವು, ತಮ್ಮ ಗಾತ್ರಕ್ಕೆ ತಕ್ಕ ಸುರಂಗಗಳಲ್ಲಿ ಮರೆಯಾದವು. ಅವುಗಳ ಬಲದಲ್ಲಿ ಒಂದು ಅಂಕವನ್ನೂ ಹೆಚ್ಚಿಸಿರಲಿಲ್ಲ. ಅವು ವಾಸಿಸುತ್ತಿದ್ದ ಜಾಗವನ್ನು ಅವು ಬಲ್ಲವೆಂದು ಒಪ್ಪಿಕೊಂಡದ್ದಷ್ಟೇ ವ್ಯತ್ಯಾಸ. ವೈರಿಗಳ ಪ್ರಾಣಾಂಕಗಳನ್ನು ಏರಿಸಿ ಕಷ್ಟವನ್ನು ಹೆಚ್ಚಿಸುವ ನಿರ್ವಾಹಕರು ಈ ಸಂಪಾದಕೀಯವನ್ನು ಇಂದಿಗೂ ಓದಬೇಕು.

ನಿರ್ವಾಹಕ ಆಟಗಾರರಿಗಾಗಿ ಇಡುವ ಬೋನಿನ ವಿಷಯ ಬೇರೆ, ಅದಕ್ಕೆ ನ್ಯಾಯದ ಪ್ರಶ್ನೆ ಅಂಟಿಕೊಂಡಿದೆ. ಗೈಗ್ಯಾಕ್ಸ್ 1975ರ ಸ್ಪರ್ಧೆಯೊಂದಕ್ಕೆ ರಚಿಸಿ 1978ರಲ್ಲಿ ಪ್ರಕಟಿಸಿದ ಟೂಂಬ್ ಆಫ್ ಹಾರರ್ಸ್ ಎಂಬ ಸಾಹಸದಲ್ಲಿ ಹಸಿರು ಪಿಶಾಚಮುಖವೊಂದರ ತೆರೆದ ಬಾಯಿಯೊಳಕ್ಕೆ ಹೋದವರು ಕುರುಹೂ ಇಲ್ಲದಂತೆ ನಾಶವಾಗುತ್ತಾರೆ, ದಾಳ ಎಸೆದು ಪಾರಾಗುವ ಅವಕಾಶವೂ ಅಲ್ಲಿಲ್ಲ. ಕ್ರೂರವೆಂದು ಹೆಸರಾದ ಈ ಸಮಾಧಿಯ ಮೊದಲ ಓಣಿಯ ನೆಲದಲ್ಲಿಯೇ ಒಳಗಿನ ಅಪಾಯಗಳನ್ನು ಸೂಚಿಸುವ ಒಗಟು ಹುದುಗಿತ್ತೆಂಬುದನ್ನು ಮಾತ್ರ ಅದರ ನಿಂದಕರು ಮರೆಯಬಾರದು. ಮುನ್ಸೂಚನೆ ಇದ್ದರೆ ಬೋನು ಒಂದು ಪ್ರಶ್ನೆ, ಇಲ್ಲದಿದ್ದರೆ ಬರಿಯ ದಂಡ. 1974ರ ಸಾಮಗ್ರಿಗಳ ಪಟ್ಟಿಯಲ್ಲಿಯೇ ಇದ್ದ 10 ಅಡಿಯ ಕೋಲು ಈ ಪ್ರಶ್ನೋತ್ತರದ ಸಾಧನವಾಗಿತ್ತು. ಆಟಗಾರ ಮುಂದಿನ ನೆಲವನ್ನು ಕುಟ್ಟಿ ನೋಡುತ್ತಿದ್ದ, ಟೊಳ್ಳು ಸದ್ದು ಬಂತೇ ಎಂದು ಕೇಳುತ್ತಿದ್ದ. 1975ರಲ್ಲಿ ಗ್ರೇಹಾಕ್ ಎಂಬ ಪುರವಣಿಯೊಂದಿಗೆ ಬಂದ ಕಳ್ಳನ ಪಾತ್ರಕ್ಕೆ ಬೋನುಗಳನ್ನು ನಿಷ್ಕ್ರಿಯಗೊಳಿಸುವ ಶೇಕಡಾವಾರು ಸಾಮರ್ಥ್ಯ ದೊರೆತ ಮೇಲೆ ಆ ಸಂಭಾಷಣೆಯ ಜಾಗಕ್ಕೆ ಕ್ರಮೇಣ ದಾಳ ಬಂದು ಕುಳಿತಿತು. ಇದರಿಂದ ಆಟ ವೇಗವಾಯಿತು, ಆದರೆ ನೋಡಿ, ಕೇಳಿ, ಊಹಿಸುವ ಸುಖ ಅಷ್ಟರಮಟ್ಟಿಗೆ ಕಳೆದುಹೋಯಿತೆಂದು ಹೇಳಲೇಬೇಕು.

ಸರಳ ಬೋನುಗಳಿಗೆ ಮಿತಿಗಳಿಲ್ಲವೆಂದಲ್ಲ. ಹಾರುವ ಜೀವಿಗೆ ಮುಳ್ಳು ತಾಗದು, ಅರ್ಧ ವೇಗದಲ್ಲಿ ಎಚ್ಚರದಿಂದ ನಡೆದವನು ಮುಳ್ಳನ್ನೂ ಗುಂಡುಗಳನ್ನೂ ದಾಳವಿಲ್ಲದೆ ದಾಟುತ್ತಾನೆ, ಅವಸರದಲ್ಲಿ ಹಿಮ್ಮೆಟ್ಟುವ ತಂಡ ತಾನು ಚೆಲ್ಲಿದ್ದರ ಮೇಲೆ ತಾನೇ ಬೀಳಬಹುದು; ಎಲ್ಲಕ್ಕಿಂತ ಮಿಗಿಲಾಗಿ ಇವುಗಳಿಗೆ ಮುಂಚಿತವಾದ ಸಮಯ ಬೇಕು, ಆ ಸಮಯ ಸಿಗುವುದು ವೈರಿ ಬರುವ ದಾರಿಯನ್ನು ಮೊದಲೇ ಕಂಡುಕೊಂಡವರಿಗೆ ಮಾತ್ರ. ಆದ್ದರಿಂದ ಈ ಆಟಕ್ಕೆ ಹೊಸದಾಗಿ ಇಳಿಯುವವರು ಪಾತ್ರದ ಚೀಲದಲ್ಲಿ ಹಗ್ಗ, ಎಣ್ಣೆ, ಒಂದು ಚೀಲ ಮುಳ್ಳು ಇರಿಸಿಕೊಳ್ಳಲಿ, ಪ್ರತಿ ಕೋಣೆಯಲ್ಲಿಯೂ ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ನೆಲ ಕಲ್ಲಿನದೋ ಮಣ್ಣಿನದೋ ಎಂದು ಕೇಳಲಿ. ನಿರ್ವಾಹಕರು ಆ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರಿಸಲಿ. ಬಾಗಿಲಿಗೆ ಅಡ್ಡ ಹಗ್ಗ ಕಟ್ಟುವೆನೆಂದೋ, ಕಾಣದ ವೈರಿಯ ಹೆಜ್ಜೆ ಮೂಡಲೆಂದು ಹಿಟ್ಟು ಚೆಲ್ಲುವೆನೆಂದೋ ಯಾರಾದರೂ ಹೇಳಿದಾಗ ನಿಯಮಪುಸ್ತಕದಲ್ಲಿ ಅದಕ್ಕೆ ಸಾಲಿಲ್ಲವೆಂಬ ಕಾರಣಕ್ಕೆ ಬೇಡವೆನ್ನದೆ, ತಕ್ಕ ಸಂಖ್ಯೆಯೊಂದನ್ನು ಹೇಳಿ ದಾಳ ಎಸೆಯಲು ಬಿಡಲಿ.