ಕಪಿಲೆಯ ದಂಡೆಯಿಂದ ಭೂಮಧ್ಯ ಸಮುದ್ರದ ತೀರಕ್ಕೆ

ಕಳೆದ ಮಾಘಮಾಸದ ಒಂದು ಸಂಜೆ ನಂಜನಗೂಡಿನ ನಮ್ಮ ಮನೆಯ ಜಗಲಿಯ ಮೇಲೆ ನಾನೂ ನನ್ನ ಶ್ರೀಮತಿಯೂ ಒಂದು ಹಾಳೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದೆವು. ಇಂಗ್ಲೆಂಡಿನಲ್ಲಿ ನೆಲೆಸಿರುವ ಮಗಳು ಕಳುಹಿಸಿದ್ದ ಪಟ್ಟಿ ಅದು. ವೈಶಾಖದಲ್ಲಿ ನಾವಿಬ್ಬರೂ ಅವಳ ಮನೆಗೆ ಹೋಗಿ ಒಂದು ತಿಂಗಳು ಇದ್ದು ಬರುವುದೆಂದು ನಿಶ್ಚಯವಾಗಿತ್ತು. ಆ ತಿಂಗಳಿನಲ್ಲಿ ಅವಳಿಗೆ ಒಟ್ಟಾಗಿ ದೊರೆಯುವ ರಜೆ ನಾಲ್ಕೇ ದಿನ. ಆ ನಾಲ್ಕು ದಿನಗಳಲ್ಲಿ ನಮ್ಮನ್ನು ಸ್ಪೇನ್ ದೇಶದ ಪೂರ್ವ ಕರಾವಳಿಯಲ್ಲಿರುವ ವಲೆನ್ಸಿಯಾ ನಗರಕ್ಕೆ ಕರೆದೊಯ್ಯಬೇಕೆಂಬುದು ಅವಳ ಆಸೆ. ಹಾಳೆಯಲ್ಲಿ ಹತ್ತೊಂಬತ್ತು ಸ್ಥಳಗಳ ಹೆಸರುಗಳಿದ್ದವು. ಪ್ರತಿಯೊಂದರ ಮುಂದೆಯೂ ಇಂತಿಷ್ಟು ಗಂಟೆಗೆ ಎಂಬ ಲೆಕ್ಕವಿತ್ತು. ಕೊನೆಯಲ್ಲಿ, "ಅಪ್ಪಾಜಿ, ನೀವು ಮತ್ತೆ ಮತ್ತೆ ಬರೋದಿಲ್ಲ, ಅದಕ್ಕೇ ಒಂದನ್ನೂ ಬಿಟ್ಟಿಲ್ಲ" ಎಂದು ಬರೆದಿದ್ದಳು.

ಶ್ರೀಮತಿ ಅದನ್ನು ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಮೆಲ್ಲಗೆ, "ಅವಳು ಹೋದ ಸಲ ನಮ್ಮೂರಿಗೆ ಬಂದಿದ್ದು ನೆನಪಿದೆಯೇನ್ರಿ?" ಎಂದಳು. ನಾನು ಮಾತನಾಡಲಿಲ್ಲ. ನೆನಪು ಚೆನ್ನಾಗಿಯೇ ಇತ್ತು.

ನಾಲ್ಕು ವರ್ಷಗಳ ಹಿಂದೆ ಮಗಳೂ ಅಳಿಯಂದಿರೂ ಎರಡು ದಿನಗಳ ಮಟ್ಟಿಗೆ ಬಂದಿದ್ದರು. ಅಳಿಯಂದಿರು ಧಾರವಾಡದ ಕಡೆಯವರು. ನಮ್ಮ ಸೀಮೆಯನ್ನು ಕಂಡವರಲ್ಲ. ಆಗ ಪಟ್ಟಿ ಮಾಡಿದವನು ನಾನು. ಬೆಳಿಗ್ಗೆ ಆರಕ್ಕೆ ಬಾಡಿಗೆ ಕಾರು. ಸುತ್ತೂರು ಕ್ಷೇತ್ರದಲ್ಲಿ ಗದ್ದುಗೆಯ ದರ್ಶನಕ್ಕೆ ಅರ್ಧ ಗಂಟೆ, ಅಲ್ಲಿಂದ ತಿರುಮಕೂಡಲು, ಅಲ್ಲಿಂದ ಮುಡುಕುತೊರೆಯ ಬೆಟ್ಟ, ನಡುಮಧ್ಯಾಹ್ನದ ಬಿಸಿಲಿನಲ್ಲಿ ತಲಕಾಡಿನ ಮರಳು. ಹಿಂದಿರುಗಿ ನರಸೀಪುರಕ್ಕೆ ಬರುವ ಹೊತ್ತಿಗೆ ಗುಂಜಾ ನರಸಿಂಹಸ್ವಾಮಿಯ ಬಾಗಿಲು ಹಾಕಿತ್ತು. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯಷ್ಟು ಹೆಚ್ಚೆಂಬ ನಂಬಿಕೆಯನ್ನು ಮುಚ್ಚಿದ ಬಾಗಿಲಿನ ಮುಂದೆ ನಿಂತು ಅಳಿಯಂದಿರಿಗೆ ವಿವರಿಸಿದೆ. ಸೋಮನಾಥಪುರವನ್ನು ತಲುಪಿದಾಗ ಕಾವಲುಗಾರರು ಜನರನ್ನು ಹೊರಗೆ ಕಳುಹಿಸುತ್ತಿದ್ದರು. ರಾತ್ರಿ ಮನೆಗೆ ಬಂದ ಮಗಳು ಊಟದ ತಟ್ಟೆಯ ಮುಂದೆಯೇ ತೂಕಡಿಸಿದಳು. ಮರುದಿನ ನಸುಕಿನಲ್ಲಿ ಬೆಂಗಳೂರಿಗೆ ಹೊರಟರು. ಅವಳಿಗಾಗಿ ತೋಟದಿಂದ ತರಿಸಿದ್ದ ರಸಬಾಳೆಯ ಗೊನೆ ಹಾಗೆಯೇ ಉಳಿಯಿತು. ಸೊರಗುರೋಗದಿಂದ ತೋಟಗಳು ಕುಗ್ಗಿ, ಆ ಹಣ್ಣು ನಮ್ಮೂರಿನಲ್ಲಿಯೇ ಅಪರೂಪವಾಗಿರುವ ಕಾಲವಿದು. ತಾಯಿ ಮಗಳು ಕುಳಿತು ಒಂದು ಗಳಿಗೆ ಮಾತನಾಡಲಿಲ್ಲ.

"ನಾನು ಊರು ನೋಡೋಕೆ ಹೋಗ್ತಿಲ್ಲ, ಮಗಳನ್ನ ನೋಡೋಕೆ ಹೋಗ್ತಿದ್ದೀನಿ" ಎಂದಳು ಶ್ರೀಮತಿ. ನಮ್ಮ ಸಿದ್ಧತೆಗೆಲ್ಲ ಆ ಮಾತೇ ತಳಹದಿಯಾಯಿತು. ಮಕ್ಕಳು ಪರದೇಶದಲ್ಲಿರುವ ಅನೇಕ ಮನೆಗಳಿಗೆ ಇಂತಹ ಸಂದರ್ಭ ಈಗ ಬರುತ್ತಿರುವುದರಿಂದ, ನಾವು ಯೋಚಿಸಿದ ಬಗೆಯನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಮೊದಲು ನಮ್ಮ ಊರನ್ನೇ ನೆನೆದೆವು. ಮೈಸೂರಿನಿಂದ ಬಸ್ಸಿನಲ್ಲಿ ಬಂದು, ಸಾಲಿನಲ್ಲಿ ನಿಂತು ಶ್ರೀಕಂಠೇಶ್ವರನ ದರ್ಶನ ಪಡೆದು, ಗಂಟೆಯೊಳಗೆ ಮರಳುವವರು ದಿನವೂ ಸಾವಿರಾರು ಮಂದಿ. ಅವರ ಭಕ್ತಿಯಲ್ಲಿ ಕೊರತೆಯಿಲ್ಲ. ಆದರೆ ಊರನ್ನು ಅವರು ಕಂಡಿರುವುದಿಲ್ಲ. ನಸುಕಿನಲ್ಲಿ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕುಳಿತು ಹದಿನಾರು ಕಾಲು ಮಂಟಪದತ್ತ ನೋಡುವುದು. ದೇವಾಲಯದ ಪ್ರಾಕಾರದಲ್ಲಿ ಅರುವತ್ತಮೂವರು ಪುರಾತನರ ವಿಗ್ರಹಗಳನ್ನು ಒಂದೊಂದಾಗಿ ಗುರುತಿಸುತ್ತ ನಡೆಯುವುದು. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ, ಕಪಿಲೆಗೆ ಕಟ್ಟಿದ ಕಲ್ಲಿನ ಸೇತುವೆಯನ್ನು ಸಂಜೆಯ ಬೆಳಕಿನಲ್ಲಿ ಕಾಣುವುದು — ಇವಕ್ಕೆ ಹಣ ಬೇಕಿಲ್ಲ, ಬಿಡುವು ಬೇಕು. ನಮ್ಮೂರಿಗೆ ಬರುವವರು ಕಳೆದುಕೊಳ್ಳುವುದನ್ನು ಅವರ ಊರಿನಲ್ಲಿ ನಾವು ಕಳೆದುಕೊಳ್ಳಬಾರದೆಂದು ತೀರ್ಮಾನಿಸಿದೆವು.

ಆಮೇಲೆ ವಲೆನ್ಸಿಯಾದ ಬಗ್ಗೆ ಓದತೊಡಗಿದೆ. ಓದಿದಷ್ಟೂ ಅದು ಪರಕೀಯವೆನಿಸದೆ ಹೋಯಿತು. ಅದೂ ನದಿಯ ದಂಡೆಯ ಊರೇ. ತೂರಿಯಾ ಎಂಬ ನದಿ ಅಲ್ಲಿ ಸಮುದ್ರವನ್ನು ಸೇರುತ್ತಿತ್ತು. 1957ರ ಅಕ್ಟೋಬರ್ 14ರಂದು ಆ ನದಿ ಉಕ್ಕಿ ನಗರವನ್ನೇ ಮುಳುಗಿಸಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಅನಂತರ ನಗರದ ದಕ್ಷಿಣಕ್ಕೆ ಹೊಸ ಕಾಲುವೆ ತೋಡಿ ನದಿಯನ್ನೇ ಆಚೆಗೆ ತಿರುಗಿಸಿದರು. ಬರಿದಾದ ಹಳೆಯ ಪಾತ್ರದಲ್ಲಿ ಹೆದ್ದಾರಿ ಮಾಡುವ ಆಲೋಚನೆಯಿತ್ತು. ನಾಗರಿಕರು ಒಪ್ಪದೆ, ಅಲ್ಲಿ ಹಸಿರೇ ಬೇಕೆಂದು ಹಟ ಹಿಡಿದರು. ಇಂದು ಅದು ಸುಮಾರು ಒಂಬತ್ತು ಕಿಲೋಮೀಟರ್ ಉದ್ದದ ಉದ್ಯಾನ. ನೀರಿಲ್ಲದ ಆ ನದಿಯ ಮೇಲೆ ಹಳೆಯ ಕಲ್ಲುಸೇತುವೆಗಳು ಹಾಗೆಯೇ ನಿಂತಿವೆ. 2019ರ ಆಗಸ್ಟಿನಲ್ಲಿ ಕಬಿನಿ ಅಣೆಕಟ್ಟೆಯಿಂದ ಬಿಟ್ಟ ನೀರು ಸ್ನಾನಘಟ್ಟವನ್ನು ಮುಳುಗಿಸಿ, ಮಲ್ಲನಮೂಲೆಯ ಬಳಿ ಮೈಸೂರು ರಸ್ತೆಯನ್ನೇ ಮುಚ್ಚಿದ್ದನ್ನು ಕಂಡ ನಮಗೆ ಈ ಕಥೆ ಬೇಗ ಅರ್ಥವಾಯಿತು.

ಯಾವ ಕಾಲದಲ್ಲಿ ಹೋಗಬೇಕೆಂಬುದನ್ನೂ ಆ ನೀರೇ ಹೇಳಿಕೊಟ್ಟಿತು. ಶರತ್ಕಾಲದಲ್ಲಿ ಆ ಕರಾವಳಿಗೆ ಹಠಾತ್ತಾಗಿ ಕುಂಭದ್ರೋಣ ಮಳೆ ಬರುವುದುಂಟು. 2024ರ ಅಕ್ಟೋಬರ್ 29ರಂದು ವಲೆನ್ಸಿಯಾ ಪ್ರಾಂತ್ಯದಲ್ಲಿ ಅಂತಹ ಮಳೆಯಿಂದ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. ತಿರುಗಿಸಿದ ಕಾಲುವೆಯಿಂದಾಗಿ ನಗರದ ನಡುಭಾಗ ಉಳಿದರೂ ಅದರ ದಕ್ಷಿಣದ ಊರುಗಳು ಕೆಸರಿನಲ್ಲಿ ಹೂತುಹೋದವು. ಆಗಸ್ಟಿನಲ್ಲಿ ಬಿಸಿಲೂ ಜನಸಂದಣಿಯೂ ಹೆಚ್ಚು. ಮಾರ್ಚ್ 15ರಿಂದ 19ರವರೆಗೆ ಫಾಯಾಸ್ ಎಂಬ ಹಬ್ಬ. ದೊಡ್ಡ ದೊಡ್ಡ ಬೊಂಬೆಗಳನ್ನು ಬೀದಿಯಲ್ಲಿ ನಿಲ್ಲಿಸಿ ಕಡೆಯ ರಾತ್ರಿ ಸುಡುತ್ತಾರೆ, ಹಗಲಿರುಳು ಪಟಾಕಿಯ ಸದ್ದು. ನೋಡತಕ್ಕದ್ದೇ ಆದರೂ ವಯಸ್ಸಾದವರಿಗೆ ಹೇಳಿದ್ದಲ್ಲ. ಮೇಲಾಗಿ ನಮ್ಮ ದೊಡ್ಡಜಾತ್ರೆಯ ಐದು ತೇರುಗಳು ಬೀದಿ ಸುತ್ತಿ ನೆಲೆ ಸೇರುವ ಮುನ್ನ ಊರು ಬಿಡಲು ಶ್ರೀಮತಿ ಒಪ್ಪುವವಳಲ್ಲ. ಹೀಗಾಗಿ ವೈಶಾಖದ ಎಳೆಬಿಸಿಲೇ ಸರಿಯೆಂದಾಯಿತು. ಸಮುದ್ರದ ನೀರು ಆಗ ಇನ್ನೂ ತಣ್ಣಗಿರುತ್ತದೆಯಂತೆ. ಈಜುವವರಿಗೆ ಅದು ಕೊರತೆ; ಕಾಲು ತೋಯಿಸಿಕೊಳ್ಳುವವರಿಗೆ ಅಲ್ಲ.

ಇನ್ನು ಕಾಗದಪತ್ರಗಳ ಮಾತು. ಇಂಗ್ಲೆಂಡಿನ ವೀಸಾ ಸ್ಪೇನಿಗೆ ಸಲ್ಲುವುದಿಲ್ಲ. ಅಲ್ಲಿಗೆ ಶೆಂಗೆನ್ ವೀಸಾ ಬೇರೆಯಾಗಿ ಬೇಕು. ಮಗಳ ಮನೆಗೆ ಹೋದ ಮೇಲೆ ಅಲ್ಲಿಯೇ ಪಡೆಯೋಣವೆಂದರೆ ಆಗದು. ಪ್ರವಾಸಿಗಳು ತಮ್ಮ ವಾಸಸ್ಥಳದಲ್ಲಿಯೇ, ಎಂದರೆ ನಮ್ಮಂಥವರು ಬೆಂಗಳೂರಿನಲ್ಲಿ, ಅರ್ಜಿ ಸಲ್ಲಿಸಿ ಹೊರಡಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಕೊಡಬಹುದು. ಹದಿನೈದು ದಿನಕ್ಕಿಂತ ಕಡಿಮೆ ಉಳಿದಿರಬಾರದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಎರಡು ವೀಸಾಗಳನ್ನೂ ಪಡೆಯಬೇಕಾಗುವುದರಿಂದ ಮೂರು ನಾಲ್ಕು ತಿಂಗಳ ಮುಂಚೆಯೇ ಕೆಲಸ ಆರಂಭಿಸುವುದು ಒಳ್ಳೆಯದು. ವಿಮೆಯ ಪತ್ರದಲ್ಲಿ ನಾನೇ ತಪ್ಪು ದಿನಾಂಕ ಬರೆಸಿ ಬೆಂಗಳೂರಿಗೆ ಎರಡು ಸಲ ಅಲೆದೆ. ಓದುಗರು ಹಾಗಾಗದಂತೆ ನೋಡಿಕೊಳ್ಳಲಿ. ಕಡಿಮೆ ದರದ ವಿಮಾನಗಳಲ್ಲಿ ಕೈಚೀಲದ ಅಳತೆಯೂ ತೂಕವೂ ಬಿಗಿ. ಕೊರಳಿನ ಬೆಳ್ಳಿಯ ಕರಡಿಗೆ ತಪಾಸಣೆಯ ಯಂತ್ರದಲ್ಲಿ ಸದ್ದು ಮಾಡಬಹುದು. ಕೇಳಿದರೆ ಗಾಬರಿಯಾಗದೆ, ಪೂಜೆಯ ವಸ್ತುವೆಂದು ಸಮಾಧಾನದಿಂದ ತಿಳಿಸಬೇಕು. ವಿಭೂತಿಯನ್ನು ಪುಡಿಯಾಗಿ ಒಯ್ಯದೆ ಗಟ್ಟಿಯಾಗಿಯೇ ಒಯ್ಯುವುದು ಮೇಲು.

ಊಟದ ಚಿಂತೆ ಎಲ್ಲಕ್ಕಿಂತ ದೊಡ್ಡದಾಗಿತ್ತು. ವಲೆನ್ಸಿಯಾ ಅನ್ನದ ನಾಡು ಎಂಬುದು ಸಮಾಧಾನ. ಊರಿನ ದಕ್ಷಿಣಕ್ಕಿರುವ ಅಲ್ಬುಫೆರಾ ಎಂಬ ಸರೋವರದ ಸುತ್ತ ನಮ್ಮ ನಾಲೆಯ ಬಯಲಿನಂತೆಯೇ ಭತ್ತದ ಗದ್ದೆಗಳಿವೆ. ಆದರೆ ಅಲ್ಲಿನ ಹೆಸರಾಂತ ಪಾಯೆಯಾ ಎಂಬ ಅನ್ನದಲ್ಲಿ ಕೋಳಿ, ಮೊಲದ ಮಾಂಸ ಬೆರೆತಿರುತ್ತದೆ. ಸಸ್ಯಾಹಾರಿಗಳು ತರಕಾರಿಯ ಪಾಯೆಯಾ ಬೇಕೆಂದು ಹೇಳುವುದಷ್ಟೇ ಸಾಲದು. ಅನ್ನ ಬೇಯಿಸಿದ ನೀರು ಮಾಂಸದ್ದೋ ಮೀನಿನದ್ದೋ ಅಲ್ಲವೆಂದು ಕೇಳಿ ತಿಳಿಯಬೇಕು. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಓರ್ಚಾತಾ ಎಂಬ ಬಿಳಿಯ ತಂಪು ಪಾನೀಯ ಅಲ್ಲಿ ಮನೆಮಾತು. ನೋಡಲು ಹಾಲಿನಂತಿದ್ದರೂ ಅದು ಒಂದು ಗಡ್ಡೆಯನ್ನು ಅರೆದು ಹಿಂಡಿದ ರಸ. ಆ ಗಡ್ಡೆ ನಮ್ಮ ರೈತರು ಹೊಲದಲ್ಲಿ ಶಪಿಸುತ್ತ ಕಿತ್ತೆಸೆಯುವ ಕೊನ್ನಾರಿ ಗಡ್ಡೆಯ ಹತ್ತಿರದ ಬಂಧು! 1913ರಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ತೆರೆದ ಊರಿನವರಾದ ನಮಗೆ ಗಡ್ಡೆ ಬೇರುಗಳ ಗುಣ ಹೊಸದೇನಲ್ಲ.

ಆ ಊರಿನ ಗಡಿಯಾರವನ್ನೂ ಅರಿಯಬೇಕು. ಮಧ್ಯಾಹ್ನ ಎರಡರಿಂದ ಐದರವರೆಗೆ ಸಣ್ಣ ಅಂಗಡಿಗಳು ಮುಚ್ಚಿರುತ್ತವೆ. ರಾತ್ರಿಯ ಊಟ ಒಂಬತ್ತರ ಮೇಲೆ. ನರಸೀಪುರದ ಮುಚ್ಚಿದ ಬಾಗಿಲು ನನ್ನ ಕಣ್ಣ ಮುಂದೆ ಬಂತು. ಬಾಗಿಲು ಮುಚ್ಚಿದ್ದು ದೇವರ ತಪ್ಪಲ್ಲ, ವೇಳೆ ತಿಳಿಯದೆ ಹೋದ ನನ್ನ ತಪ್ಪು. ಈ ಸಲ ಆ ಮೂರು ಗಂಟೆಗಳನ್ನು ವಿಶ್ರಾಂತಿಗೆಂದೇ ಬಿಟ್ಟೆವು. ರಾತ್ರಿಯ ಊಟವನ್ನು ಕೋಣೆಯಲ್ಲಿಯೇ ಮಾಡಿಕೊಳ್ಳಲು ಅಡುಗೆಯ ಅನುಕೂಲವಿರುವ, ಲಿಫ್ಟ್ ಇರುವ, ನದಿಯ ಉದ್ಯಾನಕ್ಕೆ ಸಮೀಪದ ಮನೆಯೊಂದನ್ನು ಮಗಳು ಗೊತ್ತುಮಾಡಿದಳು. ಅವಲಕ್ಕಿ, ಚಟ್ನಿಪುಡಿ, ರಾಗಿಹಿಟ್ಟು ನಮ್ಮ ಪೆಟ್ಟಿಗೆಯಲ್ಲಿರುತ್ತವೆ.

ಹತ್ತೊಂಬತ್ತರಲ್ಲಿ ಉಳಿಸಿಕೊಂಡದ್ದು ಮೂರನ್ನು ಮಾತ್ರ, ದಿನಕ್ಕೆ ಒಂದು.

ಬುಧವಾರ ತಲುಪಿದ ಸಂಜೆ ಹಳೆಯ ನದಿಯ ಪಾತ್ರದಲ್ಲಿ ನಡೆಯುವುದು. ಶುಕ್ರವಾರ ಮಾಲ್ವರೋಸಾ ಎಂಬ ಕಡಲತೀರ; ನಗರದಿಂದ ಟ್ರಾಮಿನಲ್ಲಿಯೇ ಹೋಗಬಹುದು. ಶನಿವಾರ ಬೆಳಿಗ್ಗೆ ಹಿಂದಿರುಗುವುದು. ನಡುವಿನ ಗುರುವಾರ ನನ್ನ ಪಾಲಿನದು. ಇಡೀ ಪ್ರವಾಸದ ದಿನಾಂಕಗಳನ್ನು ಆ ಗುರುವಾರಕ್ಕಾಗಿಯೇ ಹೊಂದಿಸಿದೆವು.

ಪ್ರತಿ ಗುರುವಾರ ನಡುಮಧ್ಯಾಹ್ನ ಹನ್ನೆರಡಕ್ಕೆ ವಲೆನ್ಸಿಯಾದ ಮಹಾ ಇಗರ್ಜಿಯ ಬಾಗಿಲಿನ ಮುಂದೆ ನೀರಿನ ನ್ಯಾಯಾಲಯ ಕೂಡುತ್ತದೆ. ತೂರಿಯಾ ನದಿಯ ಎಂಟು ನಾಲೆಗಳ ರೈತರು ತಮ್ಮೊಳಗಿಂದ ಆರಿಸಿದ ಎಂಟು ಜನ ಕಪ್ಪು ನಿಲುವಂಗಿ ತೊಟ್ಟು ವೃತ್ತಾಕಾರವಾಗಿ ಕುಳಿತುಕೊಳ್ಳುತ್ತಾರೆ. ಯಾರು ಸರದಿ ತಪ್ಪಿಸಿ ನೀರು ಹಾಯಿಸಿದರು, ಯಾರು ತಮ್ಮ ಕಾಲುವೆಯನ್ನು ಹೂಳೆತ್ತದೆ ಬಿಟ್ಟರು ಎಂಬ ದೂರುಗಳನ್ನು ಕೇಳಿ ಅಲ್ಲಿಯೇ ಬಾಯಿಮಾತಿನಲ್ಲಿ ತೀರ್ಪು ಕೊಡುತ್ತಾರೆ. ವಕೀಲರಿಲ್ಲ, ಕಾಗದವಿಲ್ಲ. ಸಾವಿರ ವರ್ಷಗಳ ಪದ್ಧತಿಯೆಂದು ಹೇಳಲಾಗುವ ಇದನ್ನು ಯುನೆಸ್ಕೋ 2009ರಲ್ಲಿ ಮಾನವಕುಲದ ಪರಂಪರೆಯೆಂದು ಮಾನ್ಯ ಮಾಡಿತು. ಅನೇಕ ಗುರುವಾರ ದೂರೇ ಇರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಸಭೆ ಮುಗಿಯುತ್ತದೆ. ಕಾವೇರಿಯ ನ್ಯಾಯಾಧಿಕರಣ 1990ರಲ್ಲಿ ರಚನೆಯಾಗಿ, 2007ರಲ್ಲಿ ಅಂತಿಮ ತೀರ್ಪು ಕೊಟ್ಟು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಿದ್ದಿದ ಕಾಲವನ್ನೆಲ್ಲ ಕಂಡವನು ನಾನು. ರಾಜ್ಯ ರಾಜ್ಯಗಳ ವ್ಯಾಜ್ಯವೂ ನಾಲೆಯ ಬದುವಿನ ವ್ಯಾಜ್ಯವೂ ಒಂದೇ ಅಲ್ಲ, ನಿಜ. ಆದರೂ ಕಬಿನಿ ಬಲದಂಡೆ ನಾಲೆಯ ಕೊನೆಯ ತೂಬಿಗೆ ನೀರು ಬರಲಿಲ್ಲವೆಂದು ರಾತ್ರಿ ಲಾಟೀನು ಹಿಡಿದು ಕಾದ ರೈತನ ಮಗನಿಗೆ ಆ ಎಂಟು ಜನರನ್ನು ಒಮ್ಮೆ ಕಣ್ಣಾರೆ ಕಾಣಬೇಕೆನಿಸುವುದು ಸಹಜ.

ಬಿಟ್ಟುಬಿಟ್ಟವುಗಳಲ್ಲಿ ಒಂದಕ್ಕೆ ಮಾತ್ರ ಮನಸ್ಸು ಎಳೆಯಿತು. ಲಾ ಲೋಂಹಾ ಎಂಬ ರೇಷ್ಮೆ ವ್ಯಾಪಾರದ ಹಳೆಯ ಭವನ. 1996ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು. ಹುರಿಮಾಡಿದ ಹಗ್ಗದಂತಹ ಅದರ ಕಂಬಗಳ ಚಿತ್ರ ನೋಡಿ ಸೋಮನಾಥಪುರದ ಕಂಬಗಳು ನೆನಪಾದವು. ಆ ದೇವಾಲಯವೂ 2023ರಲ್ಲಿ ಅದೇ ಪಟ್ಟಿಗೆ ಸೇರಿತಷ್ಟೆ. ಮೈಸೂರು ರೇಷ್ಮೆಗೆ ನೂಲು ತೆಗೆಯುವ ನರಸೀಪುರದ ಸೀಮೆಯವಳಾದ ಶ್ರೀಮತಿ, "ಗುರುವಾರ ಕಾಲು ನೋಯದಿದ್ರೆ ನೋಡೋಣ, ನೋಯ್ತಿದ್ರೆ ಬಿಡೋಣ" ಎಂದಳು. ಅದನ್ನು ಪಟ್ಟಿಯಲ್ಲಿ ಬರೆಯಲಿಲ್ಲ.

ಇದನ್ನೆಲ್ಲ ಬರೆದು ಮಗಳಿಗೆ ಕಳುಹಿಸಿದೆ. ಎರಡು ದಿನ ಉತ್ತರ ಬರಲಿಲ್ಲ. ಬೇಸರವಾಯಿತೇನೋ ಎಂದು ಅಂಜಿದೆವು. ಮೂರನೆಯ ರಾತ್ರಿ ದೂರವಾಣಿಯಲ್ಲಿ ತಾಯಿಯನ್ನು ಕರೆದಳು. "ಅವ್ವಾ, ಹೋದ ಸಲ ಬಂದಾಗ ನಿನ್ನ ಹತ್ರ ಒಂದು ಮಾತು ಹೇಳ್ಬೇಕು ಅಂತಿದ್ದೆ, ಹೊತ್ತೇ ಸಿಗ್ಲಿಲ್ಲ" ಎಂದಳಂತೆ. ಏನೆಂದು ಶ್ರೀಮತಿ ಒತ್ತಾಯಿಸಿ ಕೇಳಲಿಲ್ಲ. "ಸಮುದ್ರದ ದಂಡೇಲಿ ಕೂತಾಗ ಹೇಳು ಮಗಳೇ" ಎಂದಳು.

ತೇರು ಮುಗಿದು ಊರು ಮತ್ತೆ ಶಾಂತವಾಗಿದೆ. ನಿನ್ನೆ ಬೆಳಿಗ್ಗೆ ಇಬ್ಬರೂ ಸ್ನಾನಘಟ್ಟಕ್ಕೆ ಹೋಗಿದ್ದೆವು. ಬೇಸಗೆಯ ಕಪಿಲೆ ಮೊಣಕಾಲುದ್ದಕ್ಕೆ ಇಳಿದಿತ್ತು. ಶ್ರೀಮತಿ ಕೆಳಗಿನ ಮೆಟ್ಟಿಲಿಗಿಳಿದು ನೀರಿನಲ್ಲಿ ಪಾದವಿಟ್ಟು ಬಹಳ ಹೊತ್ತು ಕುಳಿತಿದ್ದಳು. ಶುಕ್ರವಾರದ ಪುಟದಲ್ಲಿ ಕಡಲತೀರವೆಂಬ ಒಂದೇ ಮಾತಿದೆ. ಅದರ ಮುಂದೆ ಗಂಟೆಯನ್ನು ನಾವು ಬರೆದಿಲ್ಲ.