ಕೇಳಿಸದಿದ್ದರೆ ಕೇಳಬೇಕು

ಮಾಕಳಿಯವರು ಸದ್ದಿನ ಬಗ್ಗೆ ದೂರುವುದು ಕಮ್ಮಿ. ಊರು ತುಮಕೂರು ರಸ್ತೆಗೆ ಅಂಟಿಕೊಂಡೇ ಇದೆ. ಹಗಲೆಲ್ಲ ಬಸ್ಸು, ಕಾರು, ಕಾರ್ಖಾನೆಗಳ ವ್ಯಾನು. ರಾತ್ರಿ ಹತ್ತರ ಮೇಲೆ ಪುಣೆ, ಮುಂಬೈ ಕಡೆಯ ಕಂಟೇನರ್ ಲಾರಿಗಳು. ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ವಾರ ನಿದ್ದೆಯೇ ಬರುವುದಿಲ್ಲ ಅನ್ನುತ್ತಾರೆ, ಎರಡನೇ ವಾರಕ್ಕೆ ಸುಮ್ಮನಾಗುತ್ತಾರೆ. 2020ರ ಲಾಕ್‌ಡೌನಿನಲ್ಲಿ ಹೆದ್ದಾರಿ ಮೌನವಾದಾಗ ನಮ್ಮ ಬೀದಿಯಲ್ಲಿ ನಿದ್ದೆಗೆಟ್ಟವರೇ ಹೆಚ್ಚು. ಸದ್ದು ನಿಂತಿತೆಂದರೆ ಏನೋ ಕೆಟ್ಟಿದೆ ಎಂದೇ ನಮ್ಮ ಲೆಕ್ಕ.

ನನಗೆ ಅದು ಕಸುಬಿನಿಂದಲೂ ಬಂದ ಲೆಕ್ಕ. ಪೀಣ್ಯದಲ್ಲಿ ಇಪ್ಪತ್ತಾರು ವರ್ಷದಿಂದ ಮೇಂಟೆನೆನ್ಸ್ ಫಿಟ್ಟರ್ ಆಗಿದ್ದೇನೆ. ನಮ್ಮ ಕೆಲಸದಲ್ಲಿ ಮೊದಲ ಸಲಕರಣೆ ಕಿವಿ, ಎರಡನೆಯದು ಉದ್ದನೆಯ ಸ್ಕ್ರೂಡ್ರೈವರ್. ಓಡುತ್ತಿರುವ ಮೋಟಾರಿನ ಬೇರಿಂಗ್ ಇರುವ ಕಡೆ ಅದರ ತುದಿಯನ್ನು ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಆನಿಸಿ ನಿಂತರೆ ಒಳಗಿನ ಸಮಾಚಾರವೆಲ್ಲ ತಿಳಿಯುತ್ತದೆ. ಗ್ರೀಸ್ ಒಣಗಿದ ಬೇರಿಂಗಿನ ಕಿರಿಕಿರಿ ಬೇರೆ, ಗುಂಡು ಸವೆದ ಬೇರಿಂಗಿನ ಗರಗರ ಬೇರೆ. ಇದನ್ನು ನನಗೆ ಕಲಿಸಿದ ಹಿರಿಯರು "ಮಷೀನು ಸುಳ್ಳು ಹೇಳಲ್ಲ ಕಣಪ್ಪ, ನಾವು ಕಿವಿ ಕೊಡಬೇಕು ಅಷ್ಟೇ" ಅನ್ನುತ್ತಿದ್ದರು. ಅವರಿಗೆ ಹೇಳಿದ್ದನ್ನೆಲ್ಲ ಎರಡು ಸಲ ಹೇಳಬೇಕಾಗುತ್ತಿತ್ತು. ಅದಕ್ಕೆ ಕಾರಣ ಆಗ ನನಗೆ ಹೊಳೆದಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಕಂಪ್ಯೂಟರ್ ಇದೆ. ಆನ್‌ಲೈನ್ ತರಗತಿಗಳ ಕಾಲದಲ್ಲಿ ಮಗನಿಗೆಂದು ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ತರಗತಿಗಳು ಮುಗಿದವು, ಕಂಪ್ಯೂಟರ್ ಉಳಿಯಿತು. ಅವನ ಸೋದರಮಾವ ಹುಟ್ಟುಹಬ್ಬಕ್ಕೆ ಕೊಟ್ಟ ದುಡ್ಡಿಗೆ ಹಳೆಯ ಗ್ರಾಫಿಕ್ಸ್ ಕಾರ್ಡೊಂದು ಬಂತು, ಪಾಠದ ಕಂಪ್ಯೂಟರ್ ಆಟದ ಕಂಪ್ಯೂಟರ್ ಆಯಿತು. ಅವನು ಹೆಚ್ಚಾಗಿ ಆಡುವುದು ಲಾರಿ ಓಡಿಸುವ ಆಟ. ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂದು ಅದರ ಹೆಸರು, 2012ರಲ್ಲಿ ಜೆಕ್ ದೇಶದ ಕಂಪನಿಯೊಂದು ಹೊರತಂದದ್ದು. ಸರಕು ಹೇರಿಕೊಂಡು ಒಂದು ಊರಿಂದ ಇನ್ನೊಂದು ಊರಿಗೆ ಹೋಗಬೇಕು, ಇಂಡಿಕೇಟರ್ ಹಾಕಬೇಕು, ದಂಡ ಕಟ್ಟಬೇಕು. "ಕಿಟಕಿ ತೆಗೆದ್ರೆ ನೂರು ಲಾರಿ ಕಾಣ್ತವೆ, ಇವ್ನು ಒಳಗೆ ಕೂತು ಜರ್ಮನಿಲಿ ಲಾರಿ ಓಡಿಸ್ತಾನೆ" ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ.

ಆ ಲಾರಿ ಹೊರಡಲು ಎರಡೂವರೆ ನಿಮಿಷ ಹಿಡಿಯುತ್ತಿತ್ತು. ಪರದೆಯ ಮೇಲೆ ಪಟ್ಟಿಯೊಂದು ನಿಧಾನಕ್ಕೆ ತುಂಬಬೇಕು. ಹೊರಗೆ ಲಾರಿಗೆ ಲೋಡ್ ತುಂಬುವುದೂ ನಿಧಾನ, ಒಳಗೂ ಹಾಗೆಯೇ. ಅಷ್ಟು ಹೊತ್ತೂ ಪೆಟ್ಟಿಗೆಯೊಳಗಿನ ಹಾರ್ಡ್ ಡಿಸ್ಕು ಕರಕರ ಅನ್ನುತ್ತಿತ್ತು. ಆ ಸದ್ದು ನನ್ನ ಹೆಂಡತಿಗೆ ಬಹಳ ಉಪಕಾರಿ. ರಾತ್ರಿ ಹನ್ನೊಂದಾದ ಮೇಲೆ ಗೋಡೆಯಾಚೆ ಕರಕರ ಕೇಳಿದರೆ "ಲೋ, ಇನ್ನೂ ಮಲಗಿಲ್ವಾ" ಎಂದು ಮಲಗಿದಲ್ಲಿಂದಲೇ ಕೂಗುತ್ತಿದ್ದಳು. ದ್ವಿತೀಯ ಪಿಯುಸಿ ಹುಡುಗನಿಗೆ ಕಾವಲು ಕಾಯಲು ಅವಳಿಗೆ ಬೇರೇನೂ ಬೇಕಿರಲಿಲ್ಲ.

ಕಳೆದ ವರ್ಷ ಒಂದು ಭಾನುವಾರ ಆಟ ನಡುವೆಯೇ ನಿಂತಿತು. "ಅಪ್ಪಾ, ಬಾ ಇಲ್ಲಿ, ಡಿಸ್ಕು ಟಿಕ್ ಟಿಕ್ ಅಂತಿದೆ" ಎಂದ. ಹೋಗಿ ಕಿವಿಗೊಟ್ಟೆ. ನನಗೇನೂ ಕೇಳಲಿಲ್ಲ. ಅಡುಗೆಮನೆಯಿಂದ ಬಂದ ಹೆಂಡತಿಗೂ ಕೇಳಿತು, ನನಗೆ ಮಾತ್ರ ಇಲ್ಲ. ಹಾಗೆಂದು ಹೇಳಲು ಮನಸ್ಸಾಗದೆ ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದೆ. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಡಿಸ್ಕಿನ ಅಂಚಿಗೆ ತುದಿ ಮುಟ್ಟಿಸಿ, ಹಿಡಿಯನ್ನು ಮೂಳೆಗೆ ಆನಿಸಿದೆ. ಆಗ ಸಿಕ್ಕಿತು. ಬೇರಿಂಗ್ ಚೆನ್ನಾಗಿತ್ತು, ತಿರುಗುವ ಸದ್ದು ಒಂದೇ ಸಮ. ಕೆಟ್ಟದ್ದು ಇನ್ನೊಂದು ಕಡೆ: ಒಂದು ತೋಳು ಮುಂದಕ್ಕೆ ಹೋಗಿ, ಬೇಕಾದ್ದು ಸಿಗದೆ ಹಿಂದಕ್ಕೆ ಬಂದು, ಮತ್ತೆ ಹೋಗಿ, ಮತ್ತೆ ಬರುತ್ತಿತ್ತು. "ಇದು ಹೋಗೋ ಗಿರಾಕಿ. ಮೊದ್ಲು ಒಳಗಿರೋದನ್ನ ಬೇರೆ ಕಡೆಗೆ ತೆಗಿ" ಎಂದೆ. ಮಗ ಉಚಿತ ತಂತ್ರಾಂಶವೊಂದನ್ನು ತೆರೆದು ಡಿಸ್ಕು ತನ್ನ ಬಗ್ಗೆ ತಾನೇ ಬರೆದುಕೊಂಡಿದ್ದ ಅಂಕಿಗಳನ್ನು ತೋರಿಸಿದ. ಓದಲಾಗದೆ ಉಳಿದ ಜಾಗಗಳು ಇಷ್ಟು, ಕೆಟ್ಟಿವೆ ಎಂದು ಬದಲಾಯಿಸಿದ ಜಾಗಗಳು ಇಷ್ಟು. ಹಳದಿ ಬಣ್ಣದ ಎಚ್ಚರಿಕೆ. ಸ್ಕ್ರೂಡ್ರೈವರ್ ಹೇಳಿದ್ದನ್ನೇ ಅದೂ ಹೇಳುತ್ತಿತ್ತು.

ಹಾರ್ಡ್ ಡಿಸ್ಕು ನಮ್ಮಂಥವರು ಕೈಮುಗಿಯಬೇಕಾದ ಯಂತ್ರ. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕಿನಲ್ಲಿ ಎರಡು ಅಡಿ ಅಗಲದ ಐವತ್ತು ತಟ್ಟೆಗಳಿದ್ದವು. ಇಡೀ ಯಂತ್ರದ ತೂಕ ಸುಮಾರು ಒಂದು ಟನ್, ಹಿಡಿಯುತ್ತಿದ್ದದ್ದು ಐದು ಎಂಬಿಯಷ್ಟು. ಈಗ ಫೋನಿನಲ್ಲಿ ತೆಗೆದ ಒಂದು ಫೋಟೋ ಅಷ್ಟಾಗುತ್ತದೆ. ನಮ್ಮ ಮನೆಯದು ಒಂದು ಟೆರಾಬೈಟಿನದು, ನಿಮಿಷಕ್ಕೆ 7,200 ಸುತ್ತು. ಅಂದರೆ ಸೆಕೆಂಡಿಗೆ 120. ಆ ತಟ್ಟೆಯ ಮೇಲೆ ಓದುವ ಹೆಡ್ಡು ಮುಟ್ಟದೆ ತೇಲಬೇಕು. ನಡುವಿನ ಅಂತರ ಒಂದು ಮೈಕ್ರಾನಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ನಾವು ಕಾರ್ಖಾನೆಯಲ್ಲಿ ಐದು ಮೈಕ್ರಾನ್ ಒಳಗೆ ಶಾಫ್ಟ್ ಕೂರಿಸಿದರೆ ಮೀಸೆ ತಿರುವುತ್ತೇವೆ!

ಆದರೂ ಅದು ಯಾಕೆ ನಿಧಾನ? ಕಾರ್ಖಾನೆಯ ಸ್ಟೋರ್ಸ್ ನೆನೆಸಿಕೊಳ್ಳಿ. ಕಿಟಕಿಯಲ್ಲಿ ಚೀಟಿ ಕೊಟ್ಟರೆ ಹುಡುಗ ಒಳಗೆ ಹೋಗಿ ಆ ರ‍್ಯಾಕಿನಿಂದ ಒಂದು ಬೋಲ್ಟು ತರುತ್ತಾನೆ, ಇನ್ನೊಂದು ಚೀಟಿಗೆ ಇನ್ನೊಂದು ರ‍್ಯಾಕಿಗೆ ಹೋಗುತ್ತಾನೆ. ಒಂದೇ ಕಡೆಯ ಒಂದು ಮೂಟೆ ಬೋಲ್ಟನ್ನು ಒಟ್ಟಿಗೆ ತರಲು ಅವನಿಗೆ ಕಷ್ಟವಿಲ್ಲ. ನೂರು ಕಡೆಯಿಂದ ನೂರು ಬೋಲ್ಟು ಅಂದಾಗಲೇ ತಡ. ಡಿಸ್ಕಿನ ತೋಳು ಜಾಗಕ್ಕೆ ಹೋಗಿ, ತಟ್ಟೆ ಸುತ್ತಿ ಬರುವವರೆಗೆ ಕಾಯಲು ಹತ್ತು ಹನ್ನೆರಡು ಮಿಲಿಸೆಕೆಂಡು ಬೇಕು. ಹಾಗಾಗಿ ಸೆಕೆಂಡಿಗೆ ಅಂಥ ನೂರು ಓಡಾಟವಾದರೆ ಹೆಚ್ಚು. ಆಟವೆಂದರೆ ಸಾವಿರಾರು ಚೂರುಗಳು: ಮರ, ರಸ್ತೆ, ಲಾರಿಯ ಚಕ್ರ, ಹಾರ್ನಿನ ಸದ್ದು. ಎಸ್‌ಎಸ್‌ಡಿಯಲ್ಲಿ ಓಡುವ ಹುಡುಗನೇ ಇಲ್ಲ. ಪ್ರತಿ ಬೋಲ್ಟಿಗೂ ಒಂದು ತಂತಿ ಕಟ್ಟಿದ ಹಾಗೆ. ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮಾಲು ಕಿಟಕಿಗೆ ಬಂದಿರುತ್ತದೆ. 2023ರಲ್ಲಿ ಬಂದ ಸ್ಟಾರ್‌ಫೀಲ್ಡ್‌ನಂಥ ಆಟಗಳು ಹಾರ್ಡ್ ಡಿಸ್ಕನ್ನು ಕನಿಷ್ಠ ಅರ್ಹತೆಯ ಪಟ್ಟಿಯಿಂದಲೇ ಕೈಬಿಟ್ಟಿವೆ ಎಂದು ಮಗ ಹೇಳಿದ.

ಮರುವಾರ ಇಬ್ಬರೂ ಎಸ್‌.ಪಿ. ರಸ್ತೆಗೆ ಹೊರಟೆವು. 2024ರ ನವೆಂಬರಿನಿಂದ ಮೆಟ್ರೋ ಮಾದಾವರದವರೆಗೆ ಬಂದಿರುವುದರಿಂದ ಈಗ ಅದು ಸುಲಭ. ಅಲ್ಲಿ ಹಸಿರು ಮಾರ್ಗದ ರೈಲು ಹತ್ತಿದರೆ ಬದಲಾಯಿಸುವ ಗೋಜಿಲ್ಲದೆ ಚಿಕ್ಕಪೇಟೆಯಲ್ಲಿ ಇಳಿಯಬಹುದು. ದಾರಿಯುದ್ದಕ್ಕೂ ಮಗ ಇಯರ್‌ಫೋನ್ ಹಾಕಿಕೊಂಡಿದ್ದ. ಅಂಗಡಿಯಾತ ಇಟ್ಟ ಒಂದು ಟೆರಾಬೈಟಿನ ಎಸ್‌ಎಸ್‌ಡಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ತೂಕವೇ ಇಲ್ಲ. ಬೆಲೆ ಐದು ಸಾವಿರದ ಮುನ್ನೂರು. ಕಬ್ಬಿಣದ ಜೊತೆ ಬಾಳಿದವನಿಗೆ ತೂಕವಿಲ್ಲದ್ದಕ್ಕೆ ದುಡ್ಡು ಕೊಡಲು ಕೈ ಬರುವುದಿಲ್ಲ. "ಒಳಗೆ ಏನಾದ್ರೂ ಇದೆಯಾ ಸಾರ್?" ಎಂದೆ. ಅಂಗಡಿಯಾತ ನಕ್ಕು, ಅದನ್ನು ಪೆಟ್ಟಿಗೆಯಲ್ಲಿ ಕೂರಿಸುವ ಬ್ರಾಕೆಟ್ಟನ್ನು ಪುಕ್ಕಟೆಯಾಗಿ ಕೊಟ್ಟ.

ಜೋಡಿಸುವುದು ಹತ್ತು ನಿಮಿಷದ ಕೆಲಸ. ನಾಲ್ಕು ಸ್ಕ್ರೂ, ಎರಡು ಕೇಬಲ್. ಹಳೆಯದರಿಂದ ಹೊಸದಕ್ಕೆ ನಕಲು ಮಾಡುವುದಕ್ಕೆ ಮಾತ್ರ ರಾತ್ರಿಯೆಲ್ಲ ಹಿಡಿಯಿತು, ಕೆಟ್ಟ ಜಾಗ ಬಂದಾಗಲೆಲ್ಲ ತೋಳು ಹತ್ತಾರು ಸಲ ಪ್ರಯತ್ನಿಸುತ್ತಿತ್ತು. ಬೆಳಿಗ್ಗೆ ನೋಡಿದರೆ ಆಟದ ಕೆಲವು ಫೈಲುಗಳು ಬಿಟ್ಟು ಉಳಿದದ್ದೆಲ್ಲ ಬಂದಿತ್ತು. ಎರಡೂವರೆ ನಿಮಿಷದ ಪಟ್ಟಿ ಅರ್ಧ ನಿಮಿಷದೊಳಗೆ ತುಂಬಿತು. ಮಗ ಹೊಸ ಗಾಡಿ ತಂದವನಂತೆ ಮತ್ತೆ ಮತ್ತೆ ಆಫ್ ಮಾಡಿ ಆನ್ ಮಾಡಿದ.

ಎಲ್ಲ ತಡವೂ ಡಿಸ್ಕಿನದಲ್ಲ ಎಂಬ ಒಂದು ಕತೆಯನ್ನೂ ಅವನೇ ಹೇಳಿದ. ಜಿಟಿಎ ಆನ್‌ಲೈನ್ ಎಂಬ ಆಟ ಶುರುವಾಗಲು ಎಷ್ಟೋ ಜನರಿಗೆ ಐದಾರು ನಿಮಿಷ ಬೇಕಿತ್ತಂತೆ, ಎಸ್‌ಎಸ್‌ಡಿ ಹಾಕಿದವರಿಗೂ. 2021ರಲ್ಲಿ ಹವ್ಯಾಸಿಯೊಬ್ಬ ಕೂತು ಅಳೆದು ನೋಡಿದ. ಹತ್ತು ಎಂಬಿಯ ಒಂದು ಪಟ್ಟಿಯನ್ನು ಪ್ರೋಗ್ರಾಮು ಪ್ರತಿ ಸಾಲಿಗೂ ಸುಮ್ಮನೆ ಕೊನೆಯವರೆಗೆ ಎಣಿಸಿ ಬರುತ್ತಿತ್ತು. ಅದನ್ನು ಸರಿಪಡಿಸಿದಾಗ ಕಾಯುವ ಹೊತ್ತು ಶೇಕಡಾ 70ರಷ್ಟು ಇಳಿಯಿತು. ಕಂಪನಿ ಅದನ್ನು ಒಪ್ಪಿ ಅವನಿಗೆ ಹತ್ತು ಸಾವಿರ ಡಾಲರ್ ಕೊಟ್ಟಿತು. ಎಲ್ಲರೂ ಡಿಸ್ಕನ್ನು, ಇಂಟರ್‌ನೆಟ್ಟನ್ನು ಬೈಯುತ್ತಿದ್ದಾಗ ಅವನೊಬ್ಬ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿದ್ದ. ಸ್ಕ್ರೂಡ್ರೈವರ್ ಇಲ್ಲದ ಫಿಟ್ಟರ್ ಎಂದುಕೊಂಡೆ.

ಒಂದು ದಿನ ಯಾರೂ ಇಲ್ಲದಾಗ ಹೊಸ ಡಿಸ್ಕಿಗೂ ಸ್ಕ್ರೂಡ್ರೈವರ್ ಆನಿಸಿ ನೋಡಿದೆ. ಫ್ಯಾನಿನ ನಡುಕ ಬಿಟ್ಟು ಏನಿಲ್ಲ. ಹಾಗೆಂದು ಅದು ಸವೆಯುವುದಿಲ್ಲ ಎಂದಲ್ಲ. ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಶ್ ಮೆಮೊರಿಯಲ್ಲಿ ಪ್ರತಿ ಕೋಶದೊಳಗೂ ಒಂದಿಷ್ಟು ವಿದ್ಯುದಂಶವನ್ನು ಕೂಡಿಹಾಕುತ್ತಾರೆ. ಇದೆಯೋ ಇಲ್ಲವೋ, ಎಷ್ಟಿದೆ ಎನ್ನುವುದೇ ನೆನಪು. ಬರೆದು ಅಳಿಸಿದಾಗಲೆಲ್ಲ ಅದು ಒಂದು ತೆಳು ಗೋಡೆಯನ್ನು ದಾಟಬೇಕು, ದಾಟಿದಷ್ಟೂ ಗೋಡೆ ಸವೆಯುತ್ತದೆ. ಓದಿದರೆ ಹೆಚ್ಚೇನೂ ಆಗುವುದಿಲ್ಲ, ಬರೆದರೆ ಸವೆತ. ಒಂದೇ ಕೋಶಕ್ಕೆ ಏಟು ಬೀಳದಿರಲೆಂದು ಒಳಗಿನ ಕಂಟ್ರೋಲರು ಬರೆಯುವ ಕೆಲಸವನ್ನು ಎಲ್ಲ ಕೋಶಗಳಿಗೂ ಸರದಿಯಂತೆ ಹಂಚುತ್ತದೆ, ಒಳ್ಳೆಯ ಶಿಫ್ಟ್ ಇನ್‌ಚಾರ್ಜ್ ಮಾಡುವ ಹಾಗೆ. ನಮ್ಮದಕ್ಕೆ ಕಂಪನಿ ಕೊಟ್ಟ ಮಾತು 360 ಟೆರಾಬೈಟ್ ಬರಹ. ದಿನಕ್ಕೆ 50 ಜಿಬಿ ಬರೆದರೂ 7,200 ದಿನ, ಹತ್ತಿರ ಹತ್ತಿರ ಇಪ್ಪತ್ತು ವರ್ಷ. ಹಳೆಯ ಡಿಸ್ಕು ನಿಮಿಷಕ್ಕೆ ಸುತ್ತುತ್ತಿದ್ದದ್ದೂ ಅಷ್ಟೇ. ಆದರೆ ಕಂಟ್ರೋಲರೇ ಕೆಟ್ಟರೆ ಸೂಚನೆ ಕೊಡದೆ ಒಂದು ಬೆಳಿಗ್ಗೆ ಎಲ್ಲವೂ ಹೋಗಬಹುದು. ಅದು ಸಾಯುವ ಮುಂಚೆ ಟಿಕ್ ಅನ್ನುವುದಿಲ್ಲ.

ನನ್ನ ಚಿಕ್ಕಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ಕೀಲಿ ಕೊಡುವ ಗಡಿಯಾರವನ್ನು ಕಿವಿಗೆ ಹಿಡಿದರೆ ಅವರಿಗೆ ಅದರ ಆರೋಗ್ಯ ತಿಳಿಯುತ್ತಿತ್ತು. ಕ್ವಾರ್ಟ್ಜ್ ಬಂದಾಗ "ಇದರ ಹತ್ರ ಮಾತಾಡೋಕಾಗಲ್ಲ, ನಿಂತಾಗಲೇ ಗೊತ್ತಾಗೋದು" ಅನ್ನುತ್ತಿದ್ದರು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟ ಸುದ್ದಿಯನ್ನು ಅವರು ಪೇಪರಿನಲ್ಲಿ ಓದಿ ಮಡಿಸಿಟ್ಟರು. ಈಗ ನಮ್ಮ ಕಾರ್ಖಾನೆಯಲ್ಲೂ ಮೋಟಾರುಗಳ ಮೇಲೆ ಪುಟ್ಟ ಸೆನ್ಸರುಗಳು ಕೂತಿವೆ. ಅವು ನಡುಕವನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು ಅಳೆದು ಪರದೆಗೆ ಕಳಿಸುತ್ತವೆ. ಹೋದ ಮಳೆಗಾಲದಲ್ಲಿ ಕಂಪ್ರೆಸರಿನ ಬೇರಿಂಗೊಂದು ಕೆಡುತ್ತಿದೆ ಎಂದು ಸೆನ್ಸರು ಹೇಳಿದಾಗ ನಾನು ಆನಿಸಿ ನೋಡಿದರೆ ಏನೂ ಇರಲಿಲ್ಲ. ಬಿಚ್ಚಿದರೆ ಸೆನ್ಸರು ಹೇಳಿದ್ದೇ ನಿಜ. ಬೇರಿಂಗು ಕೆಡುವಾಗ ಮೊದಲು ಏಳುವುದು ಸಣ್ಣ ದನಿ, ಮೇಲಿನ ಸ್ವರ. ಹಾಗೆಯೇ ಸದ್ದಿನಲ್ಲಿ ಬದುಕಿದವರ ಕಿವಿಯಿಂದ ಮೊದಲು ಹೋಗುವುದೂ ಅದೇ.

ಡಿಸ್ಕಿನ ಟಿಕ್ ಟಿಕ್ ಅನ್ನು ಮಗ ಮರೆತಿರಲಿಲ್ಲ. ಒಂದು ಸಂಜೆ ಇಯರ್‌ಫೋನ್ ತೆಗೆದು, "ಅಪ್ಪಾ, ನಿಂಗೆ ಸರಿಯಾಗಿ ಕೇಳಿಸಲ್ಲ ಅಲ್ವಾ?" ಎಂದ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಕೇಳದಿದ್ದ ಪ್ರಶ್ನೆ. ನಾನು ಹೇಳದಿದ್ದದ್ದು ಹೆದರಿಕೆಯಿಂದ. ಕಿವಿಯೇ ಸಲಕರಣೆಯಾದವನಿಗೆ ಕಿವಿ ಹೋಯಿತೆಂದರೆ ಕೆಲಸದಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಹೌದು ಎಂದೆ. ಅವನೇ ಜೊತೆಗೆ ಬಂದು ಪರೀಕ್ಷೆ ಮಾಡಿಸಿದ. ಆಡಿಯೋಗ್ರಾಮಿನ ಗೆರೆ 4,000 ಹರ್ಟ್ಜ್ ಹತ್ತಿರ ಬಾವಿಗೆ ಇಳಿದಂತೆ ಇಳಿದಿತ್ತು. ಸದ್ದಿನ ಕೆಲಸದವರ ಕಿವಿ ಹೀಗೇ ಇರುತ್ತದೆ ಎಂದರು ವೈದ್ಯರು. 1948ರ ಕಾರ್ಖಾನೆ ಕಾಯ್ದೆ ಪಟ್ಟಿ ಮಾಡಿದ್ದ ಕಾಯಿಲೆಗಳಲ್ಲಿ ಇದೂ ಒಂದಾಗಿತ್ತು. ಎಂಟು ಗಂಟೆಯ ಕೆಲಸಕ್ಕೆ 90 ಡೆಸಿಬೆಲ್ ಮಿತಿ ಎಂದು ಆ ಕಾಯ್ದೆಯಡಿಯ ಕಾರ್ಖಾನೆಗಳ ನಿಯಮವಿತ್ತು. ನಮ್ಮ ಕಾಲದಲ್ಲಿ ಅದನ್ನು ಅಳೆಯುವವರು ಯಾರಿದ್ದರು? ಕಿವಿಗೆ ಹತ್ತಿ ಇಟ್ಟುಕೊಂಡವನನ್ನು ನೋಡಿ ಜೊತೆಯವರೇ ನಗುತ್ತಿದ್ದರು.

ನಮ್ಮ ಭಾಷೆಯಲ್ಲಿ ಕೇಳುವುದು ಎಂದರೆ ಕಿವಿಯಿಂದ ಕೇಳುವುದೂ ಹೌದು, ಬಾಯಿಂದ ಕೇಳುವುದೂ ಹೌದು. ಮೊದಲನೆಯದರ ಬಲದಲ್ಲಿ ಇಷ್ಟು ವರ್ಷ ಬದುಕಿದೆ. ಎರಡನೆಯದನ್ನು ನನಗೆ ಕಲಿಸುತ್ತಿರುವುದು ಈ ಸದ್ದಿಲ್ಲದ ಡಿಸ್ಕು. ಅದು ತಾನಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. ಈಗ ತಿಂಗಳ ಮೊದಲ ಭಾನುವಾರ ನಾನೂ ಮಗನೂ ಕೂತು ಅದರ ಅಂಕಿಗಳನ್ನು ನೋಡುತ್ತೇವೆ, ಫೋಟೋಗಳ ಇನ್ನೊಂದು ಪ್ರತಿ ಮಾಡಿ ಬೀರುವಿನಲ್ಲಿಡುತ್ತೇವೆ. ಹೋದ ಸಲ ಆಯುಷ್ಯ ಶೇಕಡಾ 98 ಎಂದು ತೋರಿಸಿತು. ಹಾಗೆ ಕೂತಾಗಲೇ ಅವನು ಸಿಇಟಿ ಬರೆದು ಮೆಕ್ಯಾನಿಕಲ್ಲೋ ಕಂಪ್ಯೂಟರ್ರೋ ಎಂಬ ಗೊಂದಲವನ್ನೂ ಹೇಳಿಕೊಂಡ. ಅದೂ ನಾನು ಕೇಳಿದ್ದಕ್ಕೆ.

ಕಾರ್ಖಾನೆಯಲ್ಲಿ ಮೇಲಿನವರಿಗೆ ಕಿವಿಯ ವಿಷಯ ಹೇಳಿದ್ದೇನೆ. ಸೆನ್ಸರಿನ ಪರದೆ ನೋಡುವ ಹೊಸ ಹುಡುಗರ ಜೊತೆ ಕೂರಲು ಹೇಳಿದ್ದಾರೆ. ನಡುಕ ಹೆಚ್ಚಿದೆ ಎಂದು ಪರದೆ ಹೇಳುತ್ತದೆ; ಬೆಲ್ಟು ಸಡಿಲವೋ, ತಳದ ಬೋಲ್ಟು ಸಡಿಲವೋ ಎಂದು ಹುಡುಗರು ನನ್ನನ್ನು ಕೇಳುತ್ತಾರೆ. ಇದು ಎಷ್ಟು ದಿನವೋ ಗೊತ್ತಿಲ್ಲ. ಶ್ರವಣ ಸಾಧನದ ಬೆಲೆ ವಿಚಾರಿಸಿದ್ದೇವೆ, ಎಸ್‌ಎಸ್‌ಡಿಯ ಬೆಲೆಯಲ್ಲಿ ಅದು ಸಿಗುವುದಿಲ್ಲ.

ರಾತ್ರಿ ಹನ್ನೊಂದರ ಮೇಲೆ ಗೋಡೆಯಾಚೆ ಈಗ ಕರಕರವಿಲ್ಲ. ನನ್ನ ಹೆಂಡತಿ ಕಾವಲು ಕಳೆದುಕೊಂಡಿದ್ದಾಳೆ. ಎದ್ದು ಹೋಗಿ ಬಾಗಿಲ ಬಳಿ ನಿಂತು "ಮಲಗಿದ್ಯೇನೋ?" ಎಂದು ಕೇಳುತ್ತಾಳೆ. ಅವನು ಏನೋ ಹೇಳುತ್ತಾನೆ. ಅವಳು ಬಂದು ಮಲಗಿದ ಮೇಲೆ "ಏನಂದ?" ಎಂದು ನಾನು ಕೇಳುತ್ತೇನೆ.