ಬುತ್ತಿಯ ಗಂಟು, ಹೊಟ್ಟೆಯ ಗುಟ್ಟು

ಬೆಳಗಿನ ಎಂಟರ ಸುಮಾರಿಗೆ ವಿಜಯಪುರದ ಬಸ್ ನಿಲ್ದಾಣದಲ್ಲಿ ನಿಂತರೆ ಒಂದು ಸೊಗಸಾದ ನೋಟ ಕಾಣಸಿಗುತ್ತದೆ. ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಬಂದ ಬಸ್ಸುಗಳಿಂದ ಜನರ ಜೊತೆಗೆ ಬುತ್ತಿಯ ಚೀಲಗಳೂ ಇಳಿಯುತ್ತವೆ. ಊರಲ್ಲಿ ನಸುಕಿನಲ್ಲೇ ಎದ್ದ ತಾಯಿ ಬಡಿದ ಜೋಳದ ರೊಟ್ಟಿ, ಒಂದು ಡಬ್ಬಿ ಕಾಳಿನ ಪಲ್ಯ, ಕಾಗದದಲ್ಲಿ ಸುತ್ತಿದ ಶೇಂಗಾ ಹಿಂಡಿ, ನಾಲ್ಕು ಉಳ್ಳಾಗಡ್ಡಿ. ನಗರದಲ್ಲಿ ಬಾಡಿಗೆ ಖೋಲಿ ಹಿಡಿದು ಕಾಲೇಜು ಓದುವ ಮಗ ಸೈಕಲ್ಲಿನ ಮೇಲೋ ನಡೆದೋ ಬಂದು ತನ್ನ ಚೀಲವನ್ನು ಗುರುತು ಹಿಡಿದು ಒಯ್ಯುತ್ತಾನೆ.

ಇದೇ ಹುಡುಗರ ಜೇಬಿನಲ್ಲಿ ಈಗೀಗ ಇನ್ನೊಂದು ವಸ್ತು ಸೇರಿಕೊಂಡಿದೆ: ಔಷಧಿ ಅಂಗಡಿಯಲ್ಲಿ ತಾವೇ ಕೇಳಿ ತಂದ ಗ್ಯಾಸಿನ ಗುಳಿಗೆ. ‘ಗ್ಯಾಸ್ ಆಗೇತ್ರಿ’ ಎಂಬ ಮಾತು ಈ ಭಾಗದಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರ ಬಾಯಲ್ಲೂ ಇದೆ. ತೇಗು ಬಂದರೂ ಗ್ಯಾಸ್, ಹೊಟ್ಟೆ ಉಬ್ಬಿದರೂ ಗ್ಯಾಸ್, ಎದೆ ಉರಿದರೂ ಗ್ಯಾಸ್, ಮಲಬದ್ಧತೆಗೂ ಗ್ಯಾಸ್, ಬೆನ್ನು ಹಿಡಿದರೂ ಗ್ಯಾಸ್! ಐದಾರು ಬೇರೆ ಬೇರೆ ತೊಂದರೆಗಳಿಗೆ ಒಂದೇ ಹೆಸರು ಇಟ್ಟುಕೊಂಡಿರುವುದೇ ಈ ತಾಪತ್ರಯದ ಅರ್ಧ ಭಾಗ.

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ನೋಡದೆ ಹೋಗುವುದುಂಟೆ? 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಮೆಟ್ಟಿಲುಗಳನ್ನು ಹತ್ತಿ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತರೆ ಕಾಗದ ಹರಿದ ಸದ್ದೂ ಆಚೆಯ ಬದಿಗೆ ಕೇಳುತ್ತದೆ. ಹೊಟ್ಟೆ ಗುಡುಗುಡು ಎನ್ನುವ ವಿದ್ಯಾರ್ಥಿಗೆ ಇದಕ್ಕಿಂತ ಸಂಕಟದ ಜಾಗ ಇನ್ನೊಂದಿಲ್ಲ! ಶಾಲೆಯ ಪ್ರವಾಸದಲ್ಲಿ ಬಂದ ಮಕ್ಕಳು ಇಲ್ಲಿ ನಗುವುದು ಸಹಜ. ಆದರೆ ತರಗತಿಯಲ್ಲಿ ಅದೇ ನಗೆಗೆ ಹೆದರಿ ಹಿಂದಿನ ಬೆಂಚಿಗೆ ಹೋಗಿ ಕೂರುವ, ಬೆಳಗಿನ ಉಪಾಹಾರವನ್ನೇ ಬಿಟ್ಟುಬಿಡುವ ಮಕ್ಕಳೂ ಇದ್ದಾರೆ. ಅವರ ಪಾಲಿಗೆ ಇದು ತಮಾಷೆಯ ವಿಷಯವಲ್ಲ.

ಗುಮ್ಮಟದಿಂದ ಇಳಿದ ಪ್ರವಾಸಿಗೆ ಹಸಿವು ಕೆರಳಿರುತ್ತದೆ. ನಗರದ ಯಾವುದಾದರೂ ಖಾನಾವಳಿಗೆ ನುಗ್ಗಿದರೆ ತಟ್ಟೆ ತುಂಬ ಬರುತ್ತದೆ: ಬಿಸಿ ರೊಟ್ಟಿ ಇಲ್ಲವೆ ಖಡಕ್ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ, ಝುಣಕ, ಗುರೆಳ್ಳು ಹಿಂಡಿ, ಹಸಿ ಮೆಂತ್ಯೆಸೊಪ್ಪು, ಮೂಲಂಗಿ, ಸೌತೆ, ಉಳ್ಳಾಗಡ್ಡಿ, ಕೊನೆಗೆ ಮೊಸರು, ಮಜ್ಜಿಗೆ. ದಕ್ಷಿಣದ ಅನ್ನದ ಊರುಗಳಿಂದ ಬಂದವರು ನಾಲ್ಕು ರೊಟ್ಟಿ ಹೊಡೆದು ಸಂಜೆ ಹೊಟ್ಟೆ ಹಿಡಿದುಕೊಂಡು ಜೋಳವನ್ನು ಬಯ್ಯುತ್ತಾರೆ. ಬಡಪಾಯಿ ಜೋಳ ಈ ಬೈಗುಳಕ್ಕೆ ತಕ್ಕುದಲ್ಲ.

ಹೊಟ್ಟೆಯಲ್ಲಿ ಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಒಂದು ಪಾಲು ನಾವೇ ನುಂಗಿದ್ದು. ಅವಸರದಲ್ಲಿ ಉಣ್ಣುವಾಗ, ಮಾತಾಡುತ್ತ ಉಣ್ಣುವಾಗ ಪ್ರತಿ ತುತ್ತಿನ ಜೊತೆ ಗಾಳಿ ಒಳಗಿಳಿಯುತ್ತದೆ. ಬಹುಮಟ್ಟಿಗೆ ತೇಗಾಗಿ ಹೊರಬೀಳುತ್ತದೆ. ಇನ್ನೊಂದು ಪಾಲು ದೊಡ್ಡ ಕರುಳಿನಲ್ಲಿ ತಯಾರಾಗುತ್ತದೆ. ಸಣ್ಣ ಕರುಳಿನಲ್ಲಿ ಪಚನವಾಗದೆ ಉಳಿದ ಸಕ್ಕರೆ, ನಾರುಗಳು ಅಲ್ಲಿಗೆ ತಲುಪಿದಾಗ ಕೋಟ್ಯಂತರ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸಿ ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಅನಿಲಗಳನ್ನು ಹೊರಬಿಡುತ್ತವೆ. ಈ ಯಾವ ಅನಿಲಕ್ಕೂ ವಾಸನೆಯಿಲ್ಲ. ವಾಸನೆ ಬರುವುದು ಅತ್ಯಲ್ಪ ಪ್ರಮಾಣದ ಗಂಧಕದ ಸಂಯುಕ್ತಗಳಿಂದ. ಹುಟ್ಟಿದ ಜಲಜನಕದಲ್ಲಿ ಒಂದಿಷ್ಟು ರಕ್ತಕ್ಕೆ ಸೇರಿ, ಪುಪ್ಪುಸಗಳ ಮೂಲಕ ಉಸಿರಿನಲ್ಲಿ ಹೊರಹೋಗುತ್ತದೆ! ಉಸಿರಿನ ಜಲಜನಕವನ್ನು ಅಳೆದು ಕರುಳಿನ ಸ್ಥಿತಿಯನ್ನು ತಿಳಿಯುವ ಪರೀಕ್ಷೆಯೇ ಇದೆ.

1991ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ವಿಜ್ಞಾನಿಗಳು ಹತ್ತು ಮಂದಿ ಆರೋಗ್ಯವಂತರಿಗೆ ನಿತ್ಯದ ಊಟದ ಜೊತೆ 200 ಗ್ರಾಂ ಬೇಯಿಸಿದ ಬೀನ್ಸ್ ಕೊಟ್ಟು ದಿನವಿಡೀ ಅಪಾನವಾಯುವನ್ನು ಅಳೆದರು. ಸಿಕ್ಕಿದ್ದು 476ರಿಂದ 1491 ಮಿಲಿಲೀಟರ್. ಒಬ್ಬರಿಗೂ ಇನ್ನೊಬ್ಬರಿಗೂ ಮೂರು ಪಟ್ಟು ವ್ಯತ್ಯಾಸ, ಇಬ್ಬರೂ ಆರೋಗ್ಯವಂತರೇ. ದಿನಕ್ಕೆ ಹತ್ತಿಪ್ಪತ್ತು ಸಲ ವಾಯು ಹೋಗುವುದು ರೋಗವಲ್ಲ ಎಂಬುದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಟ್ಟರೆ ಅರ್ಧ ಗುಳಿಗೆಗಳು ಉಳಿದಾವು.

ಗುಳಿಗೆಯ ವಿಷಯ ಬಂತು. ಹುಡುಗರು ‘ಗ್ಯಾಸಿಗೆ’ ಎಂದು ನುಂಗುವವು ಬಹುತೇಕ ಜಠರದ ಆಮ್ಲವನ್ನು ತಗ್ಗಿಸುವ ಮಾತ್ರೆಗಳು. ಎದೆಯುರಿಗೆ, ಹುಣ್ಣಿಗೆ ವೈದ್ಯರು ಕೊಟ್ಟರೆ ಅವು ಒಳ್ಳೆಯ ಔಷಧಿಯೇ. ಆದರೆ ಆಮ್ಲ ಇರುವುದು ಜಠರದಲ್ಲಿ. ಕಾಳಿನಿಂದ ಗಾಳಿ ಹುಟ್ಟುವುದು ಅದಕ್ಕೆ ಹಲವು ಮೊಳ ಕೆಳಗೆ, ದೊಡ್ಡ ಕರುಳಿನಲ್ಲಿ. ಮೇಲಂತಸ್ತಿನ ನಲ್ಲಿ ತಿರುವಿದರೆ ನೆಲಮನೆಯ ನೀರು ನಿಂತೀತೆ?

ಇನ್ನು ತಟ್ಟೆಯೊಳಗಿನ ಅಪರಾಧಿ ಯಾರು? ಜೋಳದಲ್ಲಿ, ಗೋಧಿಯಲ್ಲಿರುವಷ್ಟು ಫ್ರಕ್ಟಾನ್ ಎಂಬ ಸಕ್ಕರೆಸರಪಳಿಗಳಿಲ್ಲ. ಅವು ದಂಡಿಯಾಗಿರುವುದು ಪಕ್ಕದಲ್ಲೇ ಮುಗ್ಧವಾಗಿ ಕುಳಿತ ಹಸಿ ಉಳ್ಳಾಗಡ್ಡಿಯಲ್ಲಿ, ಬಳ್ಳೊಳ್ಳಿಯಲ್ಲಿ. ಫ್ರಕ್ಟಾನನ್ನು ಒಡೆಯುವ ಕಿಣ್ವ ಮನುಷ್ಯನಿಗಿಲ್ಲ. ಪಲ್ಯ ತೀರಿದ ಸಂಜೆ ರೊಟ್ಟಿಗೆ ಹಿಂಡಿ ಮತ್ತು ಎರಡು ಉಳ್ಳಾಗಡ್ಡಿ ಗುದ್ದಿಕೊಂಡು ಉಣ್ಣುವ ಖೋಲಿಯ ಹುಡುಗ ರಾತ್ರಿ ಹೊಟ್ಟೆ ಉಬ್ಬಿದಾಗ ಬಯ್ಯುವುದು ರೊಟ್ಟಿಯನ್ನು!

ಅಥಣಿ ರಸ್ತೆಯಲ್ಲಿ ಪಶ್ಚಿಮಕ್ಕೆ ಹೊರಟರೆ ತೊರವಿ ದಾಟಿ ಸುಮಾರು 20 ಕಿಲೋಮೀಟರಿಗೆ ತಿಕೋಟಾ. ಹಿಂದೆ ವಿಜಯಪುರ ತಾಲ್ಲೂಕಿನಲ್ಲಿದ್ದ ತಿಕೋಟಾ, ಬಬಲೇಶ್ವರಗಳು ಈಗ ತಾವೇ ತಾಲ್ಲೂಕು ಕೇಂದ್ರಗಳು. ತಿಕೋಟಾದ ಸುತ್ತ ಒಣಭೂಮಿಯ ನಡುವೆ ದ್ರಾಕ್ಷಿಯ ಹಂದರಗಳು ಹಸಿರು ಚಪ್ಪರದಂತೆ ಹಬ್ಬಿವೆ. ಫೆಬ್ರುವರಿ ಕಳೆದು ಬಿಸಿಲೇರುತ್ತಿದ್ದಂತೆ ಒಣದ್ರಾಕ್ಷಿಯ ಶೆಡ್ಡುಗಳು ತುಂಬುತ್ತವೆ. ಕಿತ್ತ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿ, ಬಲೆಯ ಅಟ್ಟಗಳ ಮೇಲೆ ಹರಡುತ್ತಾರೆ. ಸಿಪ್ಪೆಯ ಮೇಲಿನ ಮೇಣದ ಪದರು ಸಡಿಲಾಗಿ ನೀರು ಬೇಗ ಆರುತ್ತದೆ. ಹೆಚ್ಚುಕಡಿಮೆ ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ.

ನೀರು ಹೋಯಿತು, ಸಕ್ಕರೆ ಉಳಿಯಿತು. ಒಣದ್ರಾಕ್ಷಿಯ ತೂಕದಲ್ಲಿ ಸುಮಾರು ಶೇಕಡಾ 60 ಸಕ್ಕರೆ. ಅದರಲ್ಲಿ ಸರಿಸುಮಾರು ಅರ್ಧ ಫ್ರಕ್ಟೋಸ್. ಹೆಚ್ಚು ಫ್ರಕ್ಟೋಸನ್ನು ಒಮ್ಮೆಗೇ ಹೀರಲು ಕೆಲವರ ಸಣ್ಣ ಕರುಳಿಗೆ ಆಗದು. ಉಳಿದದ್ದು ಕೆಳಗಿಳಿದು ಬ್ಯಾಕ್ಟೀರಿಯಾಗಳ ಹಬ್ಬದೂಟವಾಗುತ್ತದೆ. ರಾತ್ರಿ ನೆನೆಹಾಕಿದ ಹತ್ತು ಹದಿನೈದು ಒಣದ್ರಾಕ್ಷಿ ಮಲಬದ್ಧತೆಗೆ ನೆರವಾಗುವುದು ಅದರ ನಾರು ಮತ್ತು ಟಾರ್ಟಾರಿಕ್ ಆಮ್ಲಗಳಿಂದ. ಶೆಡ್ಡಿಗೆ ಬಂದ ನೆಂಟರ ಮಕ್ಕಳು ಬೊಗಸೆ ಬೊಗಸೆ ಬಾಯಿಗೆ ಸುರಿದುಕೊಂಡಾಗ ಆಗುವ ಗುಡುಗಾಟಕ್ಕೂ ಅದೇ ಹಣ್ಣೇ ಕಾರಣ. ಮದ್ದು ಯಾವುದು, ಮುದ್ದು ಯಾವುದು ಎಂಬುದನ್ನು ಇಲ್ಲಿ ಅಳತೆಯೇ ನಿರ್ಧರಿಸುತ್ತದೆ.

ಹೀಗೆ ಸಿಕ್ಕಿಬಿದ್ದವರು ತಿಕೋಟಾದ ಮಕ್ಕಳಷ್ಟೇ ಅಲ್ಲ. 1972ರ ಏಪ್ರಿಲ್‌ನಲ್ಲಿ ಅಪೋಲೊ 16ರಲ್ಲಿ ಚಂದ್ರನ ಮೇಲಿಳಿದ ಜಾನ್ ಯಂಗ್, ಧ್ವನಿವಾಹಕ ತೆರೆದಿರುವುದು ತಿಳಿಯದೆ ತನ್ನ ಹೊಟ್ಟೆಯ ಗಾಳಿಯ ಬಗ್ಗೆ ಸಹಯಾತ್ರಿಯ ಬಳಿ ದೂರಿಕೊಂಡರು. ಯಾತ್ರಿಗಳ ಹೃದಯಬಡಿತ ಕಾಪಾಡಲೆಂದು ಕುಡಿಸುತ್ತಿದ್ದ ಪೊಟ್ಯಾಸಿಯಂ ಬೆರೆಸಿದ ಕಿತ್ತಳೆಯ ಪಾನೀಯದ ಮೇಲೆ ಅವರ ಸಿಟ್ಟು. ಆ ದೂರು ಭೂಮಿಗೆ ಸ್ಪಷ್ಟವಾಗಿ ಕೇಳಿಸಿತು! ಚಂದ್ರನ ಮೇಲೆ ನಡೆದವನಿಗೂ ಬಿಡದ ಸಂಗತಿಗೆ ಪಿಯುಸಿ ಹುಡುಗ ನಾಚಿ ಸಾಯಬೇಕಾಗಿಲ್ಲ.

ತಿಕೋಟಾದಿಂದ ಬಬಲೇಶ್ವರದ ಕಡೆಗೆ ತಿರುಗಿದರೆ ಕರಿ ಎರೆಭೂಮಿ ಕಣ್ಣು ಹರಿಯುವಷ್ಟು ದೂರ. ಇದು ಹಿಂಗಾರಿ ಬಿಳಿಜೋಳದ ಸೀಮೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆಗೂ ಬಂದ ಮೇಲೆ ಬೆಳೆಗಳ ಬಣ್ಣ ಬದಲಾಗುತ್ತಿದ್ದರೂ ಚಳಿಗಾಲದಲ್ಲಿ ಜೋಳ, ಕಡಲೆ, ಕುಸುಬೆಗಳೇ ಹೊಲಕ್ಕೆ ಲಕ್ಷಣ. ಎಳ್ಳ ಅಮಾವಾಸ್ಯೆಯ ದಿನ ಬಂಡಿ ಕಟ್ಟಿ, ಈಗ ಟ್ರ್ಯಾಕ್ಟರ್ ಹೂಡಿ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯ, ಬದನೆಯ ಭರ್ತ, ಕಡಬು, ಶೇಂಗಾ ಹೋಳಿಗೆ. ಅಂದು ಯಾರಾದರೂ ಅಳತೆಯ ಮಾತೆತ್ತಿದರೆ ಅಂಥವರನ್ನು ಹೊಲದಲ್ಲೇ ಬಿಟ್ಟು ಬಂದಾರು. ಅಂದಿನ ಹೊಟ್ಟೆಯುಬ್ಬರಕ್ಕೆ ಸಂಜೆ ಬಂಡಿಯ ಹಿಂದೆ ಮನೆಯವರೆಗೆ ನಡೆದು ಬರುವುದೇ ಮದ್ದು. ನಡಿಗೆಗೆ ಕರುಳಿನ ಗಾಳಿ ಮುಂದೆ ಸರಿಯುತ್ತದೆ.

ನಿತ್ಯದ ಅಡುಗೆಯ ಕಥೆ ಬೇರೆ. ಬಬಲೇಶ್ವರದ ಹಳೆಯ ಅಡುಗೆಮನೆಗಳಲ್ಲಿ ಆಯಿಯಂದಿರು ಕಾಳನ್ನು ಕೈಗೆತ್ತಿಕೊಳ್ಳುವ ರೀತಿಯಲ್ಲೇ ಪಾಠವಿದೆ. ಮಡಕಿಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಅರಿವೆಯಲ್ಲಿ ಬಿಗಿದು ಗಂಟು ಕಟ್ಟಿಡುತ್ತಾರೆ. ಬೇಸಿಗೆಯಾದರೆ ಮರುದಿನಕ್ಕೇ ಮೊಳಕೆ. ಚಳಿಗಾಲದಲ್ಲಿ ಇನ್ನೊಂದು ದಿನ. ಕಾಳುಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಆಲ್ಫಾ ಗ್ಯಾಲಕ್ಟೋಸಿಡೇಸ್ ಕಿಣ್ವವೂ ನಮ್ಮ ಸಣ್ಣ ಕರುಳಿನಲ್ಲಿಲ್ಲ. ನೆನೆದಾಗ ಅವುಗಳಲ್ಲಿ ಒಂದಿಷ್ಟು ನೀರಿಗಿಳಿಯುತ್ತದೆ. ಬೇಸಿಗೆಯಲ್ಲಿ ಆ ನೀರಿನ ಮೇಲೇಳುವ ನೊರೆ ನೋಡಿದವರಿಗೆ ಹುದುಗುವಿಕೆ ಎಂದರೇನೆಂದು ಪಠ್ಯಪುಸ್ತಕ ಹೇಳಬೇಕಾಗಿಲ್ಲ. ಮೊಳೆಯುವಾಗಲಂತೂ ಸಸಿಯೇ ಈ ಸಕ್ಕರೆಯನ್ನು ತನ್ನ ಮೊದಲ ಆಹಾರವಾಗಿ ತಿಂದು ಮುಗಿಸುತ್ತದೆ. ಬ್ಯಾಕ್ಟೀರಿಯಾಗಳಿಗೆ ಹೋಗಬೇಕಾದ ತುತ್ತು ಮೊಳಕೆಯ ಪಾಲಾಗುತ್ತದೆ!

ಖೋಲಿಯ ಹುಡುಗನಿಗೆ ಈ ತಾಳ್ಮೆಯಿಲ್ಲ. ಕಾಳನ್ನು ತೊಳೆದು ನೇರ ಕುಕ್ಕರಿಗೆ ಹಾಕಿ ಸೀಟಿ ಹೊಡೆಸುತ್ತಾನೆ. ಇಲ್ಲವೆ ಕಡಲೆಹಿಟ್ಟು ಕಲಸಿ ಹತ್ತು ನಿಮಿಷದಲ್ಲಿ ಝುಣಕ. ಹಿಟ್ಟನ್ನು ನೆನೆಸಿ ನೀರು ಚೆಲ್ಲಲಾಗದು. ಆದ್ದರಿಂದ ಕಡಲೆಯ ಸಕ್ಕರೆ ಪೂರ್ತಿ ಅಲ್ಲೇ ಉಳಿಯುತ್ತದೆ. ಸಂಜೆಯ ಮಿರ್ಚಿ ಭಜಿಯ ಗುಟ್ಟೂ ಇದೇ, ಮೇಲೆ ಕರಿದ ಎಣ್ಣೆ. ಎಣ್ಣೆ ಜಠರ ಖಾಲಿಯಾಗುವುದನ್ನು ತಡಮಾಡಿ ಹೊಟ್ಟೆ ಭಾರವೆನಿಸುತ್ತದೆ. ಆ ಭಾರ ಇಳಿಸಲು ಇಂಡಿಯ ಲಿಂಬೆ ಹಿಂಡಿದ ಸೋಡಾ ಕುಡಿದರೆ ಜೋರಾಗಿ ತೇಗು ಬರುತ್ತದೆ; ಕುಡಿದವನು ಗ್ಯಾಸ್ ಹೋಯಿತೆಂದು ಹಿಗ್ಗುತ್ತಾನೆ. ಹೋದದ್ದು ಬಹುಪಾಲು ಸೋಡಾದ ಗ್ಯಾಸೇ.

ಅಜವಾನ, ಇಂಗು, ಜೀರಿಗೆಗಳನ್ನು ನಮ್ಮವರು ಕಾಳಿನ ಪಲ್ಯಕ್ಕೆ ತಪ್ಪದೆ ಹಾಕುತ್ತಾರೆ. ಬಾಯಿಗೂ ಹೊಟ್ಟೆಗೂ ಹಿತವೆನಿಸುವುದು ನಿಜ. ಆದರೆ ನೆನೆಸದ ಕಾಳಿಗೆ ಚಿಟಿಕೆ ಇಂಗು ಪರಿಹಾರವಾದೀತೆಂದು ನಂಬುವುದು ಅತಿಯಾಯಿತು. ಮಜ್ಜಿಗೆಗೆ ಇದಕ್ಕಿಂತ ಗಟ್ಟಿ ಆಧಾರವಿದೆ. ಹಾಲು ಕುಡಿದರೆ ಹೊಟ್ಟೆ ಕೆಡುವ ಅನೇಕರಿಗೆ ಮೊಸರು, ಮಜ್ಜಿಗೆ ಒಗ್ಗುತ್ತವೆ. ಹೆಪ್ಪಿನ ಬ್ಯಾಕ್ಟೀರಿಯಾಗಳು ಹಾಲಿನ ಲ್ಯಾಕ್ಟೋಸಿನಲ್ಲಿ ಒಂದು ಭಾಗವನ್ನು ಆಗಲೇ ತಿಂದಿರುತ್ತವೆ. ಕಾಳನ್ನೇ ಬಿಟ್ಟುಬಿಡುವುದಂತೂ ದಡ್ಡತನ. ಬೆಳೆಯುವ ಮಕ್ಕಳಿಗೆ, ಅದರಲ್ಲೂ ಮಾಂಸ ತಿನ್ನದ ಮನೆಗಳಲ್ಲಿ, ಪ್ರೋಟೀನು ಬರುವುದು ಅಲ್ಲಿಂದಲೇ. ಅರ್ಧ ಬಟ್ಟಲಿನಿಂದ ಆರಂಭಿಸಿ ಎರಡು ಮೂರು ವಾರಗಳಲ್ಲಿ ಮೆಲ್ಲಗೆ ಹೆಚ್ಚಿಸಿದರೆ ಅನೇಕರ ಕರುಳು ಹೊಂದಿಕೊಳ್ಳುತ್ತದೆ. ಏನು ತಿಂದದ್ದು, ಎಷ್ಟು ಹೊತ್ತಿಗೆ ತೊಂದರೆ ಎಂದು ಒಂದು ವಾರ ನೋಟುಬುಕ್ಕಿನಲ್ಲಿ ಬರೆದಿಟ್ಟರೆ ತನ್ನ ಅಪರಾಧಿ ಯಾರೆಂದು ವಿದ್ಯಾರ್ಥಿಗೇ ಗೊತ್ತಾಗುತ್ತದೆ. ಎಲ್ಲರಿಗೂ ಒಂದೇ ಉತ್ತರ ಬರುವುದಿಲ್ಲ.

ಹೆಣ್ಣುಮಕ್ಕಳ ಕಷ್ಟ ತಟ್ಟೆಯಲ್ಲೇ ಮುಗಿಯುವುದಿಲ್ಲ. ಶೌಚಾಲಯದಲ್ಲಿ ನೀರಿಲ್ಲದ, ಬಾಗಿಲಿಗೆ ಅಗುಳಿಯಿಲ್ಲದ ಶಾಲೆ ಕಾಲೇಜುಗಳಲ್ಲಿ ಅವರು ಬೆಳಿಗ್ಗೆಯಿಂದ ನೀರು ಕುಡಿಯದೆ, ಒತ್ತಡ ಬಂದರೂ ತಡೆದುಕೊಂಡು ಸಂಜೆ ಬಸ್ಸಿಗೆ ಕಾಯುತ್ತಾರೆ. ಮಲ ಗಟ್ಟಿಯಾಗುತ್ತದೆ, ಗಾಳಿ ಹಿಂದೆ ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ. ಮಗಳಿಗೆ ಅಜವಾನದ ನೀರು ಕುಡಿಸುವ ಪಾಲಕರು ಒಮ್ಮೆ ಶಾಲೆಗೆ ಹೋಗಿ ಆ ಬಾಗಿಲಿನ ಅಗುಳಿ ನೋಡಿ ಬರುವುದು ಒಳಿತು.

ಬಬಲೇಶ್ವರದಿಂದ ನಗರಕ್ಕೆ ಮರಳುವ ದಾರಿಯಲ್ಲಿ ಸಾರವಾಡದ ಬಳಿ ಡೋಣಿ ನದಿ ಸಿಗುತ್ತದೆ. ಡೋಣಿ ಹರಿದರೆ ಓಣೆಲ್ಲ ಜೋಳ ಎಂದು ಹಿರಿಯರು ಹೇಳುವ ಮಾತು ಈ ಕಣಿವೆಯದೇ. ಸಂಜೆಯ ಬಸ್ಸಿನಲ್ಲಿ ಯಾರಾದರೂ ನಡುವಯಸ್ಸಿನವರು ಎದೆ ತಿಕ್ಕಿಕೊಳ್ಳುತ್ತ ಕುಳಿತಿದ್ದರೆ ಪಕ್ಕದವರು ಮಾಮೂಲಿನಂತೆ ಗ್ಯಾಸ್ ಇರಬೇಕೆಂದು ಸಮಾಧಾನ ಹೇಳಿಬಿಡುತ್ತಾರೆ. ಈ ಒಂದು ಮಾತು ಪ್ರಾಣಕ್ಕೆ ಕುತ್ತಾಗಬಹುದು. ಎದೆ ಹಿಂಡಿದಂತಾಗಿ ನೋವು ಎಡತೋಳಿಗೋ ದವಡೆಗೋ ಹರಡಿದರೆ, ಬೆವರು ಕಿತ್ತುಬಂದರೆ, ಉಸಿರು ಸಿಕ್ಕಿಕೊಂಡರೆ ಅದು ಹೃದಯಾಘಾತ ಇರಬಹುದು. ಸೋಡಾ ಹುಡುಕದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ ಅಥವಾ ಕಪ್ಪು ಬಣ್ಣ, ಬಿಡದ ವಾಂತಿ, ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು – ಇವೂ ಮನೆಮದ್ದಿನವಲ್ಲ, ವೈದ್ಯರ ಪಾಲಿನವು.

ವಿಜಯಪುರದಿಂದ ಊರಿಗೆ ಹೊರಟ ಕಡೆಯ ಬಸ್ಸುಗಳಲ್ಲಿ ಬೆಳಗಿನ ಡಬ್ಬಿಗಳು ಖಾಲಿಯಾಗಿ ಮರಳುತ್ತವೆ. ಬಬಲೇಶ್ವರದ ಮನೆಯೊಂದರಲ್ಲಿ ತಾಯಿ ಚೀಲ ಬಿಚ್ಚಿ ನೋಡುತ್ತಾಳೆ. ಪಲ್ಯದ ಡಬ್ಬಿ ತೊಳೆದಿಟ್ಟಷ್ಟು ಖಾಲಿ; ನಾಲ್ಕು ಉಳ್ಳಾಗಡ್ಡಿಯಲ್ಲಿ ಮೂರು ಹಾಗೆಯೇ ವಾಪಸು ಬಂದಿವೆ. ಮಗ ಏನೋ ಲೆಕ್ಕ ಬರೆದಿಡುತ್ತಿದ್ದಾನೆಂದು ಫೋನಿನಲ್ಲಿ ಹೇಳಿದ್ದು ಅವಳಿಗೆ ನೆನಪಾಗುತ್ತದೆ. ಉಳ್ಳಾಗಡ್ಡಿಯನ್ನು ಬುಟ್ಟಿಗೆ ಹಾಕಿ, ನಾಡಿದ್ದಿನ ಬುತ್ತಿಗೆಂದು ಎರಡು ಹಿಡಿ ಮಡಕಿಕಾಳು ಅಳೆದು ನೀರಿಗೆ ಹಾಕುತ್ತಾಳೆ.